ರೆಂದಾಂಗ್ ಯಾರಮ್ಮನ ಮನೆ ಆಸ್ತಿ?

ಸಿಂಗಪುರದಲ್ಲಿ ನಾನಿದ್ದ ಆಫೀಸಿನಲ್ಲಿ ಮಧ್ಯಾಹ್ನದ ಊಟದ ಟೇಬಲ್ಲಿನ ಮಾತು ಸಾಮಾನ್ಯವಾಗಿ ಮನೆ ಬಾಡಿಗೆ, ಮಳೆ, ಬಾಸು – ಈ ಮೂರನ್ನು ದಾಟುತ್ತಿರಲಿಲ್ಲ. 2018ರ ಏಪ್ರಿಲ್‌ನಲ್ಲಿ ಒಂದು ವಾರ ಮಾತ್ರ ಎಲ್ಲರೂ ಕೋಳಿ ಚರ್ಮದ ಬಗ್ಗೆ ಮಾತಾಡಿದರು.

ನಿಮಗೂ ನೆನಪಿರಬಹುದು. ಬ್ರಿಟನ್ನಿನ ಮಾಸ್ಟರ್‌ಶೆಫ್ ಕಾರ್ಯಕ್ರಮದಲ್ಲಿ ಮಲೇಷ್ಯಾ ಮೂಲದ ಝಲೇಹಾ ಕಾದಿರ್ ಓಲ್ಪಿನ್ ಎಂಬಾಕೆ ನಾಸಿ ಲೆಮಾಕ್, ಅಂದರೆ ತೆಂಗಿನ ಹಾಲಲ್ಲಿ ಬೆಂದ ಅನ್ನ, ಅದರ ಜೊತೆಗೆ ಚಿಕನ್ ರೆಂದಾಂಗ್ ಮಾಡಿ ಬಡಿಸಿದ್ದರು. ತೀರ್ಪುಗಾರ ಗ್ರೆಗ್ ವಾಲೇಸ್ ತಿಂದು ನೋಡಿ, ಕೋಳಿಯ ಚರ್ಮ ಗರಿಗರಿಯಾಗಿಲ್ಲ ಅಂದ. ಆಕೆ ಸ್ಪರ್ಧೆಯಿಂದ ಹೊರಬಿದ್ದರು. ರೆಂದಾಂಗ್ ಅಂದ್ರೆ ಗಂಟೆಗಟ್ಟಲೆ ತೆಂಗಿನ ಹಾಲಲ್ಲಿ ಬೇಯೋ ಪದಾರ್ಥ. ಅದರ ಚರ್ಮ ಗರಿಗರಿ ಇರಬೇಕು ಅನ್ನೋದು, ಬಿಸಿಬೇಳೆಬಾತು ಉದುರುದುರಾಗಿಲ್ಲ ಅಂತ ದೂರಿದ ಹಾಗೆ.

ಮಲೇಷ್ಯಾ, ಇಂಡೋನೇಷ್ಯಾ, ಸಿಂಗಪುರದ ಜನ ಅಪರೂಪಕ್ಕೆ ಒಂದೇ ದನಿಯಲ್ಲಿ ಬೈದರು. ಮಹಾತಿರ್ ಮೊಹಮದ್ ಕೂಡ, ನೀವು ಇದನ್ನ ಕೆಎಫ್‌ಸಿ ಅಂದ್ಕೊಂಡ್ರೇನೋ ಅನ್ನುವ ಅರ್ಥದಲ್ಲಿ ಲೇವಡಿ ಮಾಡಿದರು. ಆಗ ಇನ್ನೊಬ್ಬ ತೀರ್ಪುಗಾರ ಜಾನ್ ಟೊರೋಡ್ ಟ್ವೀಟ್ ಮಾಡಿದ: ರೆಂದಾಂಗ್ ಬಹುಶಃ ಇಂಡೋನೇಷ್ಯಾದ್ದೇ ಇರಬಹುದು, ನೀವೆಲ್ಲ ಇಷ್ಟು ಉದ್ವೇಗಗೊಂಡಿದ್ದು ನೋಡಿ ಖುಷಿಯಾಯ್ತು ಅಂತ. ಕೊನೆಗೆ ಒಂದು 'ನಮಸ್ತೆ' ಬೇರೆ ಸೇರಿಸಿದ್ದ! ಟೇಬಲ್ಲಿನವರೆಲ್ಲ ನನ್ನ ಮುಖ ನೋಡಿದರು. ನನಗೂ ಗೊತ್ತಿಲ್ಲ ಮಾರಾಯ್ರೆ ಅಂದೆ.

ಆ ಟ್ವೀಟಿನ ನಮಸ್ತೆ ತಮಾಷೆಯಾಗಿ ಕಳೆದುಹೋಯ್ತು. ಆದರೆ 'ಇಂಡೋನೇಷ್ಯಾದ್ದೇ ಇರಬಹುದು' ಅನ್ನೋ ಮಾತು ಟೇಬಲ್ಲಿನ ಮೇಲೆ ಹಾಗೇ ಉಳೀತು. ನಮ್ಮ ಜೊತೆ ಊಟಕ್ಕೆ ಕೂರುತ್ತಿದ್ದವರಲ್ಲಿ ಒಬ್ಬ ಮಲೇಷ್ಯಾದ ಸೆರೆಂಬಾನಿನವನು, ಒಬ್ಬಳು ಇಂಡೋನೇಷ್ಯಾದ ಪಡಾಂಗಿನವಳು. 'ಇರಬಹುದು ಏನು? ಅದು ನಮ್ದೇ' ಅಂದಳು ಅವಳು. 'ನಮ್ಮಜ್ಜಿ ಮಾಡ್ತಿದ್ದಿದ್ದು ಹಾಗಾದ್ರೆ ಏನು?' ಅಂದ ಅವನು. ಇಬ್ಬರೂ ನಗುತ್ತಲೇ ಶುರು ಮಾಡಿದರು. ನಾನು ಬುದ್ಧಿವಂತನ ಹಾಗೆ ಮಧ್ಯ ಬಾಯಿ ಹಾಕಿ, 'ಊಟಕ್ಕೆ ಯಾವ ದೇಶ ಬಿಡಿ, ಎಲ್ಲಾ ಒಂದೇ ಅಲ್ವಾ' ಅಂದೆ. ಪಡಾಂಗಿನವಳು ಡಬ್ಬಿ ಮುಚ್ಚಿ ಎದ್ದುಹೋದಳು. ಎರಡು ದಿನ ಆ ಟೇಬಲ್ಲಿಗೆ ಬರಲಿಲ್ಲ.

ನಾನು ಏನು ತಪ್ಪು ಹೇಳಿದೆ ಅಂತ ಅರ್ಥವಾಗಲು ಸ್ವಲ್ಪ ಇತಿಹಾಸ ಓದಬೇಕಾಯ್ತು.

ರೆಂದಾಂಗ್ ಮಿನಾಂಗ್‌ಕಬಾವ್ ಜನರ ಅಡುಗೆ. ಪಶ್ಚಿಮ ಸುಮಾತ್ರಾದ ಬೆಟ್ಟ-ಕಣಿವೆಗಳ ಈ ಜನರಲ್ಲಿ ಮನೆ, ಗದ್ದೆ ತಾಯಿಯಿಂದ ಮಗಳಿಗೆ ಹೋಗುತ್ತದೆ. ನಾನು ಉಡುಪಿ ಕಡೆಯವನು, ಅಳಿಯಕಟ್ಟಿನ ಮನೆಯಲ್ಲಿ ಹುಟ್ಟಿದವನು. ಹಾಗಾಗಿ ಇದು ನನಗೆ ತಕ್ಷಣ ಅರ್ಥವಾಗುವ ಲೆಕ್ಕ. ಆಸ್ತಿ ಹೆಂಗಸರದ್ದಾದ ಮೇಲೆ ಹುಡುಗರು ಏನು ಮಾಡಬೇಕು? ಊರು ಬಿಟ್ಟು ಹೋಗಿ ದುಡಿದು, ನಾಲ್ಕು ಜನರನ್ನು ನೋಡಿ ಬರಬೇಕು. ಇದಕ್ಕೆ ಅವರು ಮೆರಾಂತಾವ್ ಅಂತಾರೆ. ದಾರಿಗೆ ಬುತ್ತಿ ಬೇಕಲ್ಲ. ಮಾಂಸವನ್ನು ತೆಂಗಿನ ಹಾಲು, ಮಸಾಲೆಗಳ ಜೊತೆ ನೀರಿನಂಶ ಪೂರ್ತಿ ಆರುವವರೆಗೆ ತಿರುವಿ, ತೆಂಗಿನ ಎಣ್ಣೆ ಬಿಟ್ಟುಕೊಂಡು ಅದರಲ್ಲೇ ಹುರಿದು ಕಪ್ಪಾದರೆ, ಫ್ರಿಜ್ ಇಲ್ಲದೆಯೂ ವಾರಗಟ್ಟಲೆ ಕೆಡುವುದಿಲ್ಲ. ಅವರ ಭಾಷೆಯಲ್ಲಿ ರೆಂದಾಂಗ್ ಅನ್ನೋದು ಒಂದು ಪದಾರ್ಥಕ್ಕಿಂತ ಹೆಚ್ಚಾಗಿ ಒಂದು ಹಂತದ ಹೆಸರು. ಮೊದಲು ಸಾರಿನಂತಿರುವಾಗ ಗುಲಾಯ್. ಗಟ್ಟಿಯಾಗಿ ಕಂದು ಬಣ್ಣಕ್ಕೆ ಬಂದಾಗ ಕಾಲಿಯೋ. ಪೂರ್ತಿ ಒಣಗಿ ಕಪ್ಪಾದ ಮೇಲೆ ಮಾತ್ರ ರೆಂದಾಂಗ್. ಬೇರೆ ಕಡೆ ಹೋಟೆಲುಗಳಲ್ಲಿ ರೆಂದಾಂಗ್ ಅಂತ ಕೊಡೋದು ಹೆಚ್ಚಾಗಿ ಕಾಲಿಯೋ ಅಂತ ಪಡಾಂಗಿನವರ ಗೊಣಗಾಟ.

ಇದಕ್ಕೆ ಅವರು ಅರಿಶಿನದ ಎಲೆ ಹಾಕುತ್ತಾರೆ ಅಂತ ಗೊತ್ತಾದಾಗ ನನಗೆ ನಾಗರಪಂಚಮಿಯ ಕಡುಬಿನ ವಾಸನೆ ಬಂದ ಹಾಗಾಯ್ತು. ಅದಿರಲಿ.

ಹಾಗೆ ಊರು ಬಿಟ್ಟ ಮಿನಾಂಗ್‌ಕಬಾವ್ ಜನ ಹೋಗಿದ್ದೆಲ್ಲಿಗೆ? ಎದುರು ದಡಕ್ಕೆ. ಮಲಾಕ್ಕಾ ಜಲಸಂಧಿ ದಾಟಿದರೆ ಮಲಯಾ. ಮಲಾಕ್ಕಾ ಸುಲ್ತಾನರ ಕಾಲದಿಂದಲೇ ಅವರು ಅಲ್ಲಿ ಗದ್ದೆ ಮಾಡಿ ನೆಲೆಸಿದರು. 1773ರಲ್ಲಿ ತಮಗೊಬ್ಬ ದೊರೆ ಬೇಕು ಅಂತ ಸುಮಾತ್ರಾದ ಪಗರುಯುಂಗ್ ಅರಮನೆಯಿಂದ ರಾಜಾ ಮೆಲೆವಾರ್‌ನನ್ನು ಕರೆಸಿಕೊಂಡರು. ಆ ಸೀಮೆಯೇ ಇವತ್ತಿನ ನೆಗೆರಿ ಸೆಂಬಿಲಾನ್ ರಾಜ್ಯ. ಅಲ್ಲಿಯೂ ತಾಯಿಯ ಕಡೆಯ ಆಸ್ತಿಹಕ್ಕು, ಅಲ್ಲಿಯೂ ಎಮ್ಮೆಕೊಂಬಿನ ಹಾಗೆ ಬಾಗಿದ ಮಾಡು. ಆ ರಾಜ್ಯದ ರಾಜಧಾನಿ ಯಾವುದು ಗೊತ್ತಾ? ಸೆರೆಂಬಾನ್!

ಅಂದರೆ ನಮ್ಮ ಟೇಬಲ್ಲಿನ ಎರಡೂ ಪಕ್ಷದವರ ಅಜ್ಜಿಯರು ಒಂದೇ ಒಲೆಯವರು. ಅವನಿಗೆ ಇದು ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ. ಆದರೂ ಜಗಳ ಯಾಕೆ?

1824ರ ಮಾರ್ಚ್ 17ರಂದು ಲಂಡನ್ನಿನಲ್ಲಿ ಬ್ರಿಟಿಷರೂ ಡಚ್ಚರೂ ಕೂತು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಸುಮಾತ್ರಾದ ಬೆಂಕೂಲನ್ ಡಚ್ಚರಿಗೆ, ಮಲಾಕ್ಕಾ ಬ್ರಿಟಿಷರಿಗೆ, ಸಿಂಗಪುರದ ಬಗ್ಗೆ ಡಚ್ಚರ ತಕರಾರು ವಾಪಸ್. ಜಲಸಂಧಿಯ ಆ ಕಡೆ ನಿಮ್ಮದು, ಈ ಕಡೆ ನಮ್ಮದು. ಅಲ್ಲಿಯವರೆಗೆ ಆ ನೀರು ಎರಡು ದಡಗಳ ಮಧ್ಯದ ರಸ್ತೆಯಾಗಿತ್ತು. ನೆಂಟರ ಮನೆಗೆ ಹೋಗಲು, ಮೆಣಸು ಮಾರಲು, ಮದುವೆ ಮಾಡಲು ಜನ ದೋಣಿ ಹತ್ತುತ್ತಿದ್ದರು. ಸಹಿ ಹಾಕಿದವರಲ್ಲಿ ಒಬ್ಬನೂ ಆ ದಡದವನಲ್ಲ. ನಮ್ಮ ಗಡಿಗಳ ಕಥೆ ಗೊತ್ತಿದ್ದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಡಚ್ಚರ ಪಾಲು ಮುಂದೆ ಇಂಡೋನೇಷ್ಯಾ ಆಯ್ತು. ಬ್ರಿಟಿಷರ ಪಾಲಿನಿಂದ 1957ರಲ್ಲಿ ಮಲಯಾ, 1963ರಲ್ಲಿ ಮಲೇಷ್ಯಾ, ಅದರಿಂದ ಬೇರೆಯಾಗಿ 1965ರಲ್ಲಿ ಸಿಂಗಪುರ. ರೆಂದಾಂಗ್ ಈ ಎಲ್ಲ ದೇಶಗಳಿಗಿಂತ ಹಳೆಯದು. ಅದನ್ನು ಯಾವ ದೇಶದ್ದು ಅಂತ ಕೇಳೋದು, ಅಜ್ಜಿಯ ಪಾಸ್‌ಪೋರ್ಟ್ ನಂಬರ್ ಕೇಳಿದ ಹಾಗೆ.

ಇಷ್ಟು ಓದಿ ನನ್ನ ಮಾತೇ ಸರಿ ಅಂತ ಬೀಗಬಹುದಿತ್ತು. ಆದರೆ ಹಾಗಲ್ಲ. 'ಎಲ್ಲಾ ಒಂದೇ' ಅನ್ನೋದರಲ್ಲಿ ಮಿನಾಂಗ್‌ಕಬಾವ್ ಅನ್ನೋ ಹೆಸರೇ ಮಾಯ. ಜಗಳವಾಡುವ ಎರಡು ಸರ್ಕಾರಗಳೂ ಮಾಡೋದು ಅದನ್ನೇ.

2009ನೇ ಇಸವಿಯನ್ನೇ ತಗೊಳ್ಳಿ. ಆ ವರ್ಷ ಮಲೇಷ್ಯಾದ ಪ್ರವಾಸೋದ್ಯಮ ಸಚಿವೆ ಎನ್ಗ್ ಯೆನ್ ಯೆನ್, ನಮ್ಮ ತಿನಿಸುಗಳನ್ನ ಬೇರೆಯವರು ಹಾರಿಸಿಕೊಂಡು ಹೋಗ್ತಿದ್ದಾರೆ ಅಂದರು. ಪಟ್ಟಿಯಲ್ಲಿ ಲಾಕ್ಸಾ, ನಾಸಿ ಲೆಮಾಕ್, ಬಾಕ್ ಕುಟ್ ಟೇ, ಹೈನಾನಿ ಚಿಕನ್ ರೈಸ್, ಚಿಲ್ಲಿ ಕ್ರ್ಯಾಬ್. ಸಿಂಗಪುರದವರು ಕೆರಳಿದರು. ಅದೇ ವರ್ಷ ಮಲೇಷ್ಯಾ ಬಗೆಗಿನ ಒಂದು ಟೀವಿ ಸರಣಿಯ ಜಾಹೀರಾತಿನಲ್ಲಿ ಬಾಲಿಯ ಪೆಂದೆತ್ ನೃತ್ಯ ಕಾಣಿಸಿಕೊಂಡು, ಇಂಡೋನೇಷ್ಯಾದ ಬೀದಿಗಳಲ್ಲಿ ಪ್ರತಿಭಟನೆ ಆಯ್ತು. 1963ರ ಸಂಘರ್ಷದ ಕಾಲದ 'ಗನ್ಯಾಂಗ್ ಮಲೇಷ್ಯಾ', ಮಲೇಷ್ಯಾವನ್ನು ಜಜ್ಜಿಹಾಕಿ ಅನ್ನೋ ಘೋಷಣೆ ಮತ್ತೆ ಕೇಳಿಬಂತು. ಒಂದು ನೃತ್ಯದ ತುಣುಕಿಗೆ ಇಷ್ಟು ಸಿಟ್ಟಾ ಅನ್ನಿಸುತ್ತೆ. ಆದರೆ ಅದೇ 2009ರ ಜೂನ್‌ನಲ್ಲಿ ಇಂಡೋನೇಷ್ಯಾ ತನ್ನ ಮನೆಗೆಲಸದ ಹೆಂಗಸರನ್ನು ಮಲೇಷ್ಯಾಕ್ಕೆ ಕಳಿಸುವುದನ್ನೇ ನಿಲ್ಲಿಸಿತ್ತು. ಅವರನ್ನು ಹೊಡೆದು ಬಡಿದ ಪ್ರಕರಣಗಳು ಒಂದರ ಮೇಲೊಂದು ಬಂದಿದ್ದವು. ಹೊಸ ಒಪ್ಪಂದವಾಗಲು 2011 ಬರಬೇಕಾಯ್ತು.

ಈಗ ಯೋಚಿಸಿ. ಮಲೇಷ್ಯಾದ, ಸಿಂಗಪುರದ ಎಷ್ಟೋ ಅಡುಗೆಮನೆಗಳಲ್ಲಿ ಸೌಟು ಹಿಡಿದು ನಿಂತವಳು ಇಂಡೋನೇಷ್ಯಾದ ಹೆಂಗಸು. ಒಂದು ದೇಶದ ಹೆಂಗಸರು ಇನ್ನೊಂದು ದೇಶದ ಮನೆಗಳಲ್ಲಿ ಬೇಯಿಸ್ತಾರೆ, ರಜೆ ಇಲ್ಲದೆ ದುಡೀತಾರೆ, ಕೆಲವರು ಏಟು ತಿಂತಾರೆ. ಅಡುಗೆಯ ಹೆಸರೂ ಆ ಮನೆಯವರದ್ದೇ ಅಂದಾಗ ಬರೋ ಸಿಟ್ಟು ಬರೀ ಅಡುಗೆಯ ಮೇಲಿನದ್ದಲ್ಲ. ಪಡಾಂಗಿನವಳು ಎಂಜಿನಿಯರ್. ಸಿಂಗಪುರದ ಲಿಫ್ಟಿನಲ್ಲಿ ಯಾರೋ ಅವಳನ್ನು, ಯಾವ ಮನೆಯಲ್ಲಿ ಕೆಲಸ ಅಂತ ಕೇಳಿದ್ದರಂತೆ. ಇದನ್ನು ಅವಳು ನನಗೆ ಹೇಳಿದ್ದು ಎಷ್ಟೋ ತಿಂಗಳ ನಂತರ.

ಚಿಕನ್ ರೈಸ್ ಕಥೆಯಲ್ಲೂ ದುಡಿದವರ ಕೈಯೇ ಕಾಣೋದು. ಚೀನಾದ ಹೈನಾನ್ ದ್ವೀಪದವರು ಮಲಯಾ, ಸಿಂಗಪುರಕ್ಕೆ ಬೇರೆ ಚೀನೀಯರಿಗಿಂತ ತಡವಾಗಿ ಬಂದರು. ಒಳ್ಳೇ ವ್ಯಾಪಾರಗಳೆಲ್ಲ ಆಗಲೇ ಬೇರೆಯವರ ಕೈಯಲ್ಲಿದ್ದವು. ಇವರಿಗೆ ಸಿಕ್ಕಿದ್ದು ಬ್ರಿಟಿಷರ ಮನೆ, ಹೋಟೆಲುಗಳ ಅಡುಗೆ ಕೆಲಸ, ಆಮೇಲೆ ಕಾಫಿ ಅಂಗಡಿ. ತಮ್ಮೂರಿನ ವೆನ್‌ಚಾಂಗ್ ಕೋಳಿಯ ಅಡುಗೆಯನ್ನು ಇಲ್ಲಿಯ ಅನ್ನಕ್ಕೆ, ಇಲ್ಲಿಯ ಮೆಣಸಿನ ಚಟ್ನಿಗೆ ಹೊಂದಿಸಿದರು. ಸಿಂಗಪುರದ ಮಿಡಲ್ ರೋಡಿನ ಸ್ವೀ ಕೀ ಅನ್ನೋ ಹೋಟೆಲು ಇದನ್ನು ಮನೆಮಾತಾಗಿಸಿ, 1997ರಲ್ಲಿ ಬಾಗಿಲು ಹಾಕಿತು. ಮಲಾಕ್ಕಾದಲ್ಲಿ ಅದೇ ಅನ್ನವನ್ನು ಉಂಡೆ ಕಟ್ಟಿ ಕೊಡ್ತಾರೆ, ನಮ್ಮಲ್ಲಿ ಮಕ್ಕಳಿಗೆ ಕೈತುತ್ತು ಕಟ್ಟಿದ ಹಾಗೆ. ಯಾವುದು ಮೊದಲು ಅನ್ನೋ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ಎರಡೂ ಕಡೆ ಮಾಡಿದವರು ಹೈನಾನಿನವರೇ.

ಲಾಕ್ಸಾದಲ್ಲಂತೂ ಹೆಸರೇ ವಿವಾದ. ಪರ್ಷಿಯನ್ನರ ಶ್ಯಾವಿಗೆಯಿಂದ ಬಂದ ಪದ ಅಂತ ಒಂದು ವಾದ, ನಮ್ಮ ಸಂಸ್ಕೃತದ 'ಲಕ್ಷ'ದಿಂದ ಅಂತ ಇನ್ನೊಂದು. ರೋಟಿ ಚನಾಯ್ ಇದೆಯಲ್ಲ, ಸಿಂಗಪುರದಲ್ಲಿ ಅದಕ್ಕೆ ಪ್ರಾಟಾ ಅಂತಾರೆ. ಅದು ನಮ್ಮ ಪರೋಟಾದ ದಾಯಾದಿ. ಅಲ್ಲಿಗೆ ಒಯ್ದವರು ದಕ್ಷಿಣ ಭಾರತದ ಮುಸ್ಲಿಮರು. 'ಚನಾಯ್' ಅಂದರೆ ಚೆನ್ನೈ ಅಂತ ಕೆಲವರು, ಅಲ್ಲ, ಮಲಯ್ ಭಾಷೆಯಲ್ಲಿ ಹಿಟ್ಟು ಲಟ್ಟಿಸೋದಕ್ಕೆ ಹಾಗೆ ಅಂತಾರೆ ಅಂತ ಕೆಲವರು. ಬೆಳಿಗ್ಗೆ ಏಳಕ್ಕೆ ಹಸಿದಾಗ ಇದ್ಯಾವುದೂ ತಲೆಗೆ ಬರಲ್ಲ ಬಿಡಿ.

ಸರ್ಕಾರಗಳು ಈಗ ಯುನೆಸ್ಕೋ ಬಾಗಿಲಿಗೆ ಹೋಗಿವೆ. 2020ರ ಡಿಸೆಂಬರ್‌ನಲ್ಲಿ ಸಿಂಗಪುರದ ಹಾಕರ್ ಸಂಸ್ಕೃತಿ ಪಟ್ಟಿಗೆ ಸೇರಿತು. ಮಲೇಷ್ಯಾದ ಬಾಣಸಿಗರು ಮೊದಲೇ ಗುರುಗುಟ್ಟಿದ್ದರು. 2024ರ ಡಿಸೆಂಬರ್‌ನಲ್ಲಿ ಮಲೇಷ್ಯಾದ ಬೆಳಗಿನ ತಿಂಡಿಯ ಸಂಸ್ಕೃತಿಯೂ ಸೇರಿತು. ಆ ಪಟ್ಟಿಗೆ ಸೇರಿದರೆ ಮೂಲದ ಬಗ್ಗೆ ತೀರ್ಪಾಯ್ತು ಅಂತ ಅರ್ಥವಲ್ಲ. ಅದು ಪೇಟೆಂಟೂ ಅಲ್ಲ. ಈ ರೀತಿ ಬದುಕುವ ಜನ ಇಲ್ಲಿದ್ದಾರೆ ಅಂತಷ್ಟೇ. ಅದೇ 2024ರಲ್ಲಿ ಕೆಬಾಯಾ ಅನ್ನೋ ಹೆಂಗಸರ ಉಡುಪಿಗೆ ಬ್ರುನೈ, ಇಂಡೋನೇಷ್ಯಾ, ಮಲೇಷ್ಯಾ, ಸಿಂಗಪುರ, ಥಾಯ್ಲೆಂಡ್ ಐದೂ ಸೇರಿ ಒಂದೇ ಅರ್ಜಿ ಹಾಕಿ ಗೆದ್ದವು. ಬಟ್ಟೆಗೆ ಆಗಿದ್ದು ಊಟಕ್ಕೆ ಯಾಕೆ ಆಗಲ್ಲವೋ. ನನಗೆ ಅನ್ನಿಸೋದು, ಬಟ್ಟೆ ಮೈಮೇಲಿರುತ್ತೆ, ಊಟ ಒಳಗೆ ಹೋಗುತ್ತೆ.

ಇದನ್ನು ನಾನು ಸ್ವಂತ ಅನುಭವದಿಂದಲೇ ಹೇಳ್ತಿದ್ದೇನೆ. ಪಡಾಂಗಿನವಳು ಮೂರನೇ ದಿನ ವಾಪಸ್ ಬಂದು, ಎದುರು ಕೂತು, ಶಾಂತವಾಗಿ ಕೇಳಿದಳು: 'ನಿಮ್ಮ ಇಡ್ಲಿ ನಮ್ಮ ಇಂಡೋನೇಷ್ಯಾದಿಂದ ಬಂದಿದ್ದಂತೆ, ಹೌದಾ?'

ಗೂಗಲ್ ಮಾಡಿಕೊಂಡು ಬಂದಿದ್ದಳು. ಅದು ಯಾರೋ ದಾರಿಹೋಕರ ಮಾತಲ್ಲ. ನಮ್ಮ ಕೊಳ್ಳೇಗಾಲದಲ್ಲೇ ಹುಟ್ಟಿದ ಆಹಾರ ಇತಿಹಾಸಕಾರ ಕೆ.ಟಿ. ಅಚಯ ಅವರ ಊಹೆ. ಹುದುಗು ಬರಿಸಿ ಹಬೆಯಲ್ಲಿ ಬೇಯಿಸುವ ವಿದ್ಯೆ ಇಂಡೋನೇಷ್ಯಾದ ಕಡೆಯಿಂದ, ಅಲ್ಲಿಯ ಹಿಂದೂ ರಾಜರ ಅಡುಗೆಯವರ ಜೊತೆ ಬಂದಿರಬಹುದು ಅಂತ. ಅದನ್ನು ಒಪ್ಪದವರೂ ಇದ್ದಾರೆ. ನಾನು ಆ ಕ್ಷಣದಲ್ಲಿ ಏನು ಮಾಡಿದೆ? 'ಎಲ್ಲಾ ಒಂದೇ ಅಲ್ವಾ' ಅಂದೆನಾ? ಇಲ್ಲ. ಕಿವಿ ಬಿಸಿಯಾಯ್ತು. ಶಾಲೆಯಲ್ಲಿ ಕಲಿತ ವಡ್ಡಾರಾಧನೆಯನ್ನು ಎಳೆದು ತಂದೆ. ಸಾವಿರದ ನೂರು ವರ್ಷ ಹಿಂದೆ, ಸುಮಾರು 920ರಲ್ಲೇ ಕನ್ನಡದಲ್ಲಿ 'ಇಡ್ಡಲಿಗೆ' ಅಂತ ಬರೆದಿದೆ, ಗೊತ್ತಾ ಅಂದೆ. ಆಗಿನ ಇಡ್ಡಲಿಗೆಯಲ್ಲಿ ಅಕ್ಕಿ ಇದ್ದ ಸುಳಿವಿಲ್ಲ, ಹುದುಗಿನ ಮಾತಿಲ್ಲ, ಅದನ್ನೇ ಅಚಯ ಎತ್ತಿ ತೋರಿಸಿದ್ದು ಅನ್ನೋದನ್ನ ಜಾಣತನದಿಂದ ನುಂಗಿಕೊಂಡೆ. ಮೈಸೂರು ಪಾಕಿಗಾಗಿ ಟ್ವಿಟ್ಟರಿನಲ್ಲಿ ತಮಿಳರ ಜೊತೆ ಕುಸ್ತಿ ಆಡಿದ ಜನ ನಾವು.

ಅವಳು ನಕ್ಕಳು. 'ಈಗ ಗೊತ್ತಾಯ್ತಾ' ಅಂದಳು, ಅಷ್ಟೇ.

ವಾಪಸ್ ಬೆಂಗಳೂರಿಗೆ ಬಂದ ಮೇಲೆ ಒಂದು ಭಾನುವಾರ ಊರಿನಿಂದ ಎಳೆ ಹಲಸು ಬಂತು. ಹಲಸಿನ ರೆಂದಾಂಗೂ ಅಲ್ಲಿ ಇದೆ. ಅರಿಶಿನದ ಎಲೆ ಅಮ್ಮ ಕಳಿಸಿದ್ದರು. ಎರಡು ತೆಂಗಿನಕಾಯಿಯ ಹಾಲು ಹಿಂಡಿ, ಸಣ್ಣ ಉರಿಯಲ್ಲಿ ಮೂರು ಗಂಟೆ ತಿರುವಿ, ಫೋಟೋ ತೆಗೆದು ಪಡಾಂಗಿನವಳಿಗೆ ಕಳಿಸಿದೆ. ಅವಳು ಅದನ್ನು ಅವರಮ್ಮನಿಗೆ ತೋರಿಸಿ ಉತ್ತರ ಬರೆದಳು: 'ಇದು ಕಾಲಿಯೋ ಅಂತೆ. ಇನ್ನೂ ಒಂದೂವರೆ ಗಂಟೆ.' ಅದೇ ಫೋಟೋ ಸೆರೆಂಬಾನಿನವನಿಗೂ ಹೋಗಿತ್ತು. 'ಚೆನ್ನಾಗಿದೆ' ಅಂದ. 'ಆದರೆ ಹುರಿದ ಕಾಯಿತುರಿ ಎಲ್ಲಿ?'