ಗುಜರಿಯಿಂದ ಹುಟ್ಟಿದ ಸ್ಪೋರ್ಟ್ಸ್ ಕಾರು

1957ರಲ್ಲಿ ಲೋಟಸ್ ಸೆವೆನ್ ಎಂಬ ಪುಟ್ಟ ಕಾರು ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದಾಗ ಅದಕ್ಕೆ ಎರಡು ಬೆಲೆಗಳಿದ್ದವು. ಜೋಡಿಸಿ ಸಿದ್ಧವಾಗಿದ್ದದ್ದಕ್ಕೆ ತೆರಿಗೆ ಸೇರಿ 1,036 ಪೌಂಡ್. ಬಿಡಿಭಾಗಗಳನ್ನು ಮನೆಗೆ ಒಯ್ದು ತಾವೇ ಜೋಡಿಸಿಕೊಳ್ಳುವವರಿಗೆ 536 ಪೌಂಡ್. ಹೊಸ ಕಾರಿನ ಮೇಲೆ ಅಲ್ಲಿ ಆಗ ಭಾರಿ ಖರೀದಿ ತೆರಿಗೆಯಿತ್ತು. ಬಿಡಿಭಾಗಗಳ ಗಂಟಿಗೆ, ಅಂದರೆ ಕಿಟ್ಟಿಗೆ, ಅದು ತಗಲುತ್ತಿರಲಿಲ್ಲ. ಆದರೆ ಜೋಡಿಸುವ ಕೈಪಿಡಿ ಕೊಡುವಂತಿರಲಿಲ್ಲ. ಅದಕ್ಕೆ ಕಂಪನಿ ಕಾರನ್ನು ಬಿಚ್ಚುವ ಕೈಪಿಡಿ ಕೊಟ್ಟಿತಂತೆ, ಕೊಂಡವರು ಅದನ್ನು ಕೊನೆಯ ಪುಟದಿಂದ ಮೊದಲ ಪುಟಕ್ಕೆ ಓದಿಕೊಂಡರಂತೆ. ಕಿಟ್ ಕಾರಿನ ಬಳಗದವರು ಈ ಕಥೆಯನ್ನು ಇವತ್ತಿಗೂ ಖುಷಿಯಿಂದ ಹೇಳುತ್ತಾರೆ.

ಹಾಗಾಗಿ ಕಿಟ್ ಕಾರು ತೆರಿಗೆಯ ಕೂಸು ಎಂಬ ಮಾತು ಬೆಳೆದುಬಂದಿದೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ಆ ತೆರಿಗೆ 1973ರಲ್ಲಿ ಹೋಯಿತು, ಕಾರು ಉಳಿಯಿತು. ಈ ಹಗುರ ಕಾರುಗಳ ಚರಿತ್ರೆಯನ್ನು ಮುಂದಕ್ಕೆ ತಳ್ಳಿದ್ದು ಗುಜರಿ ಅಂಗಳ. ಒಂದೊಂದು ಕಾಲದಲ್ಲಿ ಯಾವ ಸಾಮಾನ್ಯ ಕಾರು ತುಕ್ಕು ಹಿಡಿದು ಅಗ್ಗಕ್ಕೆ ಸಿಗುತ್ತಿತ್ತೋ, ಆ ಕಾಲದ ಕಿಟ್ ಕಾರು ಅದರ ಎಂಜಿನ್ನು, ಅದರ ಆಕ್ಸಲ್ಲು, ಅದರ ಸ್ಟಿಯರಿಂಗಿನಿಂದ ಎದ್ದು ನಿಂತಿತು.

ಮೊದಲ ಸಾಕ್ಷಿ ಆಸ್ಟಿನ್ ಸೆವೆನ್. 1922ರಿಂದ 1939ರವರೆಗೆ ತಯಾರಾದ ಈ ಕಾರು, ನಮ್ಮಲ್ಲಿ ಮಾರುತಿ 800 ಮಾಡಿದ ಕೆಲಸವನ್ನು ಬ್ರಿಟನ್ನಿನ ಮಧ್ಯಮವರ್ಗಕ್ಕೆ ಮಾಡಿಕೊಟ್ಟಿತ್ತು. ಸುಮಾರು 2,90,000 ಕಾರುಗಳು ರಸ್ತೆಗಿಳಿದಿದ್ದವು. ಎರಡನೇ ಮಹಾಯುದ್ಧ ಮುಗಿದಾಗ ಹೊಸ ಕಾರು ಸಿಗುವುದೇ ಕಷ್ಟ. ಹಳೆಯ ಆಸ್ಟಿನ್‌ಗಳು ಮಾತ್ರ ಊರೂರಿಗೂ ಬಿದ್ದಿದ್ದವು. ಹುಡುಗರು ಅವುಗಳ ಮೇಲ್ಮೈ ಕಿತ್ತೆಸೆದು, ತಮ್ಮದೇ ತಗಡು ಹೊದಿಸಿ ರೇಸಿಗೆ ಹೊರಟರು. 1939ರಲ್ಲೇ ಹುಟ್ಟಿದ್ದ 750 ಮೋಟಾರ್ ಕ್ಲಬ್ ಇವರ ಮನೆಯಾಯಿತು. 1948ರಲ್ಲಿ ಕಾಲಿನ್ ಚಾಪ್‌ಮನ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ, ತಾನು ಮುಂದೆ ಮದುವೆಯಾಗಲಿದ್ದ ಹೇಜಲ್ ಅವರ ತಂದೆ-ತಾಯಿಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ, ಇಂಥದೇ ಒಂದು ಹಳೆಯ ಆಸ್ಟಿನ್ನಿಗೆ ಪ್ಲೈವುಡ್ಡಿನ ಮೈ ಕಟ್ಟಿದ. ಲೋಟಸ್ ಎಂಬ ಹೆಸರು ಶುರುವಾದದ್ದು ಅಲ್ಲಿಂದ.

1952ರ ಲೋಟಸ್ ಮಾರ್ಕ್ ಸಿಕ್ಸ್ ನಿಜವಾದ ತಿರುವು. ಅಲ್ಲಿಯವರೆಗೆ ಗುಜರಿ ಕಾರಿನ ಚಾಸಿಸ್ಸನ್ನೇ ಉಳಿಸಿಕೊಂಡು ಮೈ ಬದಲಿಸುತ್ತಿದ್ದರು. ಚಾಪ್‌ಮನ್ ಚಾಸಿಸ್ಸನ್ನೇ ಹೊಸದಾಗಿ ಕಟ್ಟಿದ. ತೆಳು ಉಕ್ಕಿನ ಕೊಳವೆಗಳನ್ನು ಬೆಸೆದ ಪಂಜರ ಅದು. ಹಳೆಯ ಮಂಚವೊಂದನ್ನು ನೆನಪಿಸಿಕೊಳ್ಳಿ. ನಾಲ್ಕು ಮೂಲೆ ಸಡಿಲವಾದರೆ ಅದು ಓರೆಯಾಗಿ ವಾಲುತ್ತದೆ. ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಹೊಡೆದರೆ ಗಟ್ಟಿಯಾಗಿ ನಿಲ್ಲುತ್ತದೆ. ಚೌಕವನ್ನು ತ್ರಿಕೋನಗಳಾಗಿ ಒಡೆಯುವ ಈ ಬಡಗಿಯ ವಿದ್ಯೆಯೇ ಕೊಳವೆ ಪಂಜರದ ಒಳಗುಟ್ಟು. ಭಾರವನ್ನು ಕೊಳವೆಗಳು ಉದ್ದುದ್ದಕ್ಕೆ ಹೊರುತ್ತವೆ. ಬಾಗುವ ಪ್ರಸಂಗ ಬರದಂತೆ ನೋಡಿಕೊಂಡರೆ ತೆಳು ಕೊಳವೆಯೂ ಸಾಕಾಗುತ್ತದೆ. ಎಂಜಿನ್ ಮಾತ್ರ ಫೋರ್ಡಿನ ಹಳೆಯ 1,172 ಸಿ.ಸಿ.ಯದು. ಅದು ಬ್ರಿಟನ್ನಿನ ಯಾವ ಗುಜರಿಯಲ್ಲೂ ಸಿಗುತ್ತಿತ್ತು.

ಇದರ ಮುಂದಿನ ಕೊಂಡಿಯೇ 1957ರ ಸೆವೆನ್. ತೂಕ ಸುಮಾರು 500 ಕೆ.ಜಿ., ಶಕ್ತಿ 40 ಅಶ್ವಶಕ್ತಿ. ಬಾಗಿಲಿಲ್ಲ, ಛಾವಣಿ ಎಂದರೆ ಒಂದು ಬಟ್ಟೆ. ಮುಂದಿನ ಸಸ್ಪೆನ್ಶನ್ನಿನಲ್ಲಿ ಚಾಪ್‌ಮನ್ನನ ಬುದ್ಧಿ ಎದ್ದು ಕಾಣುತ್ತದೆ. ಕಾರು ತಿರುವಿನಲ್ಲಿ ವಾಲದಂತೆ ತಡೆಯುವ ಸರಳೊಂದು ಬೇಕು, ಚಕ್ರವನ್ನು ಮೇಲಿನಿಂದ ಹಿಡಿಯುವ ತೋಳೊಂದು ಬೇಕು. ಒಂದೇ ಸರಳನ್ನು ಬಾಗಿಸಿ ಎರಡೂ ಕೆಲಸ ಮಾಡಿಸಿದ. ಆದರೆ ಮಿತವ್ಯಯ ಅತಿಯಾದ ಕಡೆ ಪೆಟ್ಟೂ ಬಿತ್ತು. 1960ರ ಎರಡನೇ ಸರಣಿಯಲ್ಲಿ ಹಿಂದಿನ ಆಕ್ಸಲನ್ನು ನಡುವೆ ಒಂದೇ ತ್ರಿಕೋನದ ಚೌಕಟ್ಟಿಗೆ ನೇತುಹಾಕಿದ್ದರು. ಭಾರವೆಲ್ಲ ಡಿಫರೆನ್ಶಿಯಲ್ಲಿನ ತೆಳು ಕವಚದ ಮೇಲೆ ಬಿದ್ದು, ಅದು ಬಳುಕಿ ಆಯಿಲ್ ಸೋರತೊಡಗಿತು. ಆ ಸರಣಿಯ ಕಾರು ಸಾಕುವವರು ಇಂದೂ ಅಲ್ಲಿ ಬಲಪಟ್ಟಿ ಹಾಕಿಸುತ್ತಾರೆ.

ಗಾಜುನಾರಿನ ಮೈಯ ನಾಲ್ಕನೇ ಸರಣಿ 1970ರಲ್ಲಿ ಬಂತು, ಹೆಚ್ಚು ಜನಕ್ಕೆ ಹಿಡಿಸಲಿಲ್ಲ. ಚಾಪ್‌ಮನ್ನನಿಗೂ ಆಗ ದುಬಾರಿ ಕಾರುಗಳ ಕಡೆಗೇ ಮನಸ್ಸು. 1973ರಲ್ಲಿ ಖರೀದಿ ತೆರಿಗೆಯ ಜಾಗಕ್ಕೆ ವ್ಯಾಟ್ ಬಂದು ಕಿಟ್ಟಿನ ಲಾಭ ಕರಗಿದ ವರ್ಷವೇ, ಸರ್ರೆಯ ಕ್ಯಾಟರ್‌ಹ್ಯಾಮ್ ಎಂಬ ಊರಿನ ಮಾರಾಟಗಾರ ಗ್ರಹಾಂ ನರ್ನ್ ಸೆವೆನ್ನಿನ ಹಕ್ಕುಗಳನ್ನು ಕೊಂಡರು. ಮುಂದಿನ ವರ್ಷ ಅವರು ನಾಲ್ಕನೇ ಸರಣಿಯನ್ನು ಬದಿಗಿಟ್ಟು, ಹಳೆಯ ಮೂರನೇ ಸರಣಿಯ ಅಲ್ಯೂಮಿನಿಯಮ್ ಕಾರನ್ನೇ ಮತ್ತೆ ಕಟ್ಟತೊಡಗಿದರು. ಕಾರಿನ ಲೋಕದಲ್ಲಿ ಹಿಂದಕ್ಕೆ ಹೆಜ್ಜೆಯಿಟ್ಟು ಗೆದ್ದವರು ವಿರಳ. ನರ್ನ್ ಅವರ ಆ ತೀರ್ಮಾನವಿಲ್ಲದಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲ.

ಬೇರೆ ದೇಶಗಳಲ್ಲೂ ಇದೇ ನಡೆ ಕಾಣುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1964ರಲ್ಲಿ ಬ್ರೂಸ್ ಮೇಯರ್ಸ್ ಕಟ್ಟಿದ ಮರಳುದಂಡೆಯ ಬಗ್ಗಿಗೆ ಬಿಡಿಭಾಗ ಕೊಟ್ಟ ದಾನಿ ಕಾರು ಫೋಕ್ಸ್‌ವ್ಯಾಗನ್ ಬೀಟಲ್. ಅಮೆರಿಕದ ಫ್ಯಾಕ್ಟರಿ ಫೈವ್ ಕಂಪನಿಯ ಕಿಟ್ಟುಗಳಿಗೆ ಹಳೆಯ ಫೋರ್ಡ್ ಮಸ್ಟಾಂಗ್. ಹಾಲೆಂಡಿನಲ್ಲಿ ಡಾಂಕರ್‌ವೂರ್ಟ್, ದಕ್ಷಿಣ ಆಫ್ರಿಕಾದಲ್ಲಿ ಬರ್ಕಿನ್ ಸೆವೆನ್ನಿನ ಸೋದರಸಂಬಂಧಿಗಳನ್ನು ಕಟ್ಟಿದವು. ಬ್ರಿಟನ್ನಿನಲ್ಲೇ 1980ರ ದಶಕದಲ್ಲಿ ವೆಸ್ಟ್‌ಫೀಲ್ಡ್ ಬಂದು, ಗಾಜುನಾರಿನ ಮೈಯನ್ನೂ ನಾಲ್ಕೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಶನ್ನನ್ನೂ ಕೊಟ್ಟಿತು.

ಇಡೀ ಕ್ಷೇತ್ರವನ್ನು ಬಡವರ ಅಂಗಳಕ್ಕೆ ತಂದದ್ದು ಮಾತ್ರ ಒಂದು ಪುಸ್ತಕ. 1996ರಲ್ಲಿ ರಾನ್ ಚಾಂಪಿಯನ್ ಎಂಬ ಶಿಕ್ಷಕರು, ಕೇವಲ 250 ಪೌಂಡಿಗೆ ನಿಮ್ಮದೇ ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳಿ ಎಂಬರ್ಥದ ಹೆಸರಿನ ಪುಸ್ತಕ ಬರೆದರು. ಕೊಳವೆಗಳ ಅಳತೆ, ಕತ್ತರಿಸುವ ಕೋನ, ಬೆಸೆಯುವ ಕ್ರಮ ಎಲ್ಲವೂ ಅದರಲ್ಲಿತ್ತು. ದಾನಿ ಫೋರ್ಡ್ ಎಸ್ಕಾರ್ಟ್. ಈ ಕಾರುಗಳಿಗೆ ಲೋಕಾಸ್ಟ್ ಎಂಬ ಹೆಸರೇ ನಿಂತಿತು. 750 ಮೋಟಾರ್ ಕ್ಲಬ್ ಇವಕ್ಕೊಂದು ರೇಸ್ ಸರಣಿಯನ್ನೂ ತೆರೆಯಿತು. ಕಂಪನಿಯ ಕಿಟ್ ತರಿಸಿ ನಟ್ಟು ಬೋಲ್ಟು ಬಿಗಿಯುವುದಕ್ಕೂ, ಬರಿಯ ಉಕ್ಕಿನ ಕೊಳವೆ ಕೊಂಡು ವೆಲ್ಡಿಂಗ್ ಕಲಿಯುವುದರಿಂದ ಶುರುಮಾಡುವುದಕ್ಕೂ ಅಜಗಜಾಂತರ. ಮೊದಲನೆಯದು ಸುಮಾರು 80ರಿಂದ 100 ಗಂಟೆಯ ಕೆಲಸ. ಎರಡನೆಯದಕ್ಕೆ ವರ್ಷಗಳೇ ಹಿಡಿಯುತ್ತವೆ.

ಎಸ್ಕಾರ್ಟ್ ಮುಗಿದು ಫೋರ್ಡ್ ಸಿಯೆರಾ ಬಂತು, ಆಮೇಲೆ ಮಜ್ದಾ ಎಂಎಕ್ಸ್-5. ನಡುವೆ ಹೋಂಡಾ, ಸುಜುಕಿ, ಯಮಹಾ ಬೈಕುಗಳ ಎಂಜಿನ್ನುಗಳೂ ಈ ಪಂಜರಗಳೊಳಗೆ ಕೂತವು. ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಅವು ಹಗುರ, ಚುರುಕು. ಆದರೆ ಬೈಕಿಗೆ ರಿವರ್ಸ್ ಗೇರ್ ಇಲ್ಲವಲ್ಲ. ಅದಕ್ಕೆ ಪ್ರತ್ಯೇಕ ಪೆಟ್ಟಿಗೆ ಹಾಕಬೇಕು, ಇಲ್ಲವೇ ಇಳಿದು ತಳ್ಳಬೇಕು.

ಈ ಕಾರಿನ ನಿಜವಾದ ಪಾಠ ಶುರುವಾಗುವುದು ಅದು ರಸ್ತೆಗಿಳಿದ ಮೇಲೆ. ಹಗುರ ಕಾರು ಮೌನವಾಗಿ ಸವೆಯುವುದಿಲ್ಲ, ಎಲ್ಲವನ್ನೂ ಹೇಳಿಬಿಡುತ್ತದೆ. ಸೊಂಟಕ್ಕೆ, ಅಂಗೈಗೆ, ಕಿವಿಗೆ ಸುದ್ದಿ ಮುಟ್ಟುತ್ತದೆ. ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಪ್ರತಿಯೊಂದು ಬೋಲ್ಟನ್ನೂ ಮತ್ತೆ ಬಿಗಿದು ನೋಡಬೇಕು. ಅನುಭವಸ್ಥರು ಬಿಗಿದ ನಟ್ಟಿನ ಮೇಲಿಂದ ಲೋಹದವರೆಗೆ ಬಣ್ಣದ ಒಂದು ಗೆರೆ ಎಳೆಯುತ್ತಾರೆ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದರ್ಥ. ಕಾಸಿನ ಖರ್ಚಿಲ್ಲದ ಈ ಉಪಾಯ ಎಷ್ಟೋ ಚಕ್ರಗಳನ್ನು ಉಳಿಸಿದೆ.

ಅಲ್ಯೂಮಿನಿಯಮ್ ಹಾಳೆಯನ್ನು ಉಕ್ಕಿನ ಕೊಳವೆಗೆ ರಿವೆಟ್ ಹೊಡೆದಲ್ಲಿ ನೀರು ನಿಂತರೆ ಎರಡು ಲೋಹಗಳ ನಡುವೆ ಬ್ಯಾಟರಿಯಂಥ ಕ್ರಿಯೆ ನಡೆದು ಅಲ್ಯೂಮಿನಿಯಮ್ ಬಿಳಿಯ ಪುಡಿಯಾಗಿ ಸವೆಯುತ್ತದೆ. ಬ್ರಿಟನ್ನಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಅದು ಇನ್ನೂ ಕೆಟ್ಟದ್ದು. ಕೊಳವೆಗಳ ಪೌಡರ್ ಲೇಪನದಲ್ಲಿ ಕಲ್ಲು ಸಿಡಿದ ಒಂದು ಸಣ್ಣ ಗಾಯವಾದರೂ ತೇವ ಒಳಹೊಕ್ಕು ಲೇಪನದಡಿಯಲ್ಲೇ ಹರಡುತ್ತದೆ. ಹೊರಗೆ ಹೊಳಪು, ಒಳಗೆ ತುಕ್ಕು. ಹಾಗಾಗಿ ಹಳೆಯ ಸೆವೆನ್ ಕೊಳ್ಳುವಾಗ ಬಣ್ಣಕ್ಕೆ ಮರುಳಾಗದೆ, ನೆಲಕ್ಕೆ ಮಲಗಿ ಕೆಳಗಿನ ಕೊಳವೆಗಳನ್ನು ಮುಟ್ಟಿ ನೋಡಬೇಕು.

ದಾನಿ ಕಾರಿನ ಗುಣದೋಷಗಳೂ ಬಳುವಳಿಯಾಗಿ ಬರುತ್ತವೆ. ಸಿಯೆರಾದ ಐದು ಗೇರಿನ ಪೆಟ್ಟಿಗೆಯ ಮೊದಲ ಗೇರು ಸಾವಿರ ಕೆ.ಜಿ. ಮೀರಿದ ಕಾರನ್ನು ಕದಲಿಸಲೆಂದು ಮಾಡಿದ್ದು. 550 ಕೆ.ಜಿ.ಯ ಕಾರಿನಲ್ಲಿ ಅದು ಹಾಕುವ ಮೊದಲೇ ಮುಗಿದುಹೋಗುತ್ತದೆ. ಅದಕ್ಕೇ ಹಲವರು ಉದ್ದನೆಯ ಮೊದಲ ಗೇರು ಹಾಕಿಸುತ್ತಾರೆ. 1990ರ ದಶಕದಲ್ಲಿ ನರ್ನ್ ಅವರ ಕ್ಯಾಟರ್‌ಹ್ಯಾಮ್ ಕಂಪನಿ ಅಳವಡಿಸಿಕೊಂಡ ರೋವರ್ ಕೆ-ಸೀರೀಸ್ ಎಂಜಿನ್ ಅದ್ಭುತವಾಗಿ ಹಗುರ. ಆದರೆ ಅದರೊಳಗೆ ಓಡಾಡುವ ಕೂಲೆಂಟ್ ಕಡಿಮೆ, ಥರ್ಮೋಸ್ಟ್ಯಾಟ್ ತೆರೆದಾಗ ತಣ್ಣನೆಯ ನೀರು ಒಮ್ಮೆಲೇ ನುಗ್ಗುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗುವ ಅಪಖ್ಯಾತಿ ಅದಕ್ಕೆ ಅಂಟಿಕೊಂಡಿತು. ಥರ್ಮೋಸ್ಟ್ಯಾಟನ್ನು ಎಂಜಿನ್ನಿನಿಂದ ದೂರಕ್ಕಿಟ್ಟು ಆ ಆಘಾತವನ್ನು ತಗ್ಗಿಸಬಹುದು. ತಿರುವಿನಲ್ಲಿ ಆಯಿಲ್ ಸಂಪಿನ ಒಂದು ಬದಿಗೆ ಸರಿದು ಪಂಪು ಗಾಳಿ ಹೀರುವುದು ಇನ್ನೊಂದು ಅಪಾಯ. ಸಾಮಾನ್ಯ ಕಾರು ಅಷ್ಟು ಜೋರಾಗಿ ತಿರುಗುವುದೇ ಇಲ್ಲ, ಆದ್ದರಿಂದ ಎಂಜಿನ್ ಮಾಡಿದವರು ಅದನ್ನು ಎಣಿಸಿರಲಿಲ್ಲ. ಸಂಪಿನೊಳಗೆ ತಡೆಗೋಡೆ ಹಾಕಿಸುವುದು, ಟ್ರ್ಯಾಕಿಗೆ ಹೋಗುವವರಾದರೆ ಪ್ರತ್ಯೇಕ ಆಯಿಲ್ ಟ್ಯಾಂಕ್ ಇರಿಸುವುದು ಇದಕ್ಕೆ ಮದ್ದು.

ಮಾರ್ಪಾಡಿನ ವಿಷಯಕ್ಕೆ ಬಂದರೆ, ಹೊಸಬರು ಮೊದಲು ಕೈಹಾಕುವುದು ಎಂಜಿನ್ನಿಗೆ. ನನ್ನ ಮಾತು ಕೇಳುವುದಾದರೆ ಅದು ಕೊನೆಗಿರಲಿ. ಶಕ್ತಿ ಹೆಚ್ಚಿಸಿದರೆ ಬ್ರೇಕು ಸಾಲದು, ಬ್ರೇಕು ಬದಲಿಸಿದರೆ ಚಕ್ರ ಹಿಡಿಸದು, ಆಮೇಲೆ ರೇಡಿಯೇಟರು, ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲು. ಮೊದಲು ಟೈರು ನೋಡಿ. ಈ ಕಾರುಗಳು ವರ್ಷಕ್ಕೆ ಓಡುವುದೇ ಕಡಿಮೆ. ಟೈರು ಸವೆಯುವ ಮೊದಲೇ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ನಂತರ ನಾಲ್ಕು ಚಕ್ರಗಳ ಮೇಲೆ ಬೀಳುವ ತೂಕ. 500 ಕೆ.ಜಿ.ಯ ಕಾರಿನಲ್ಲಿ 75 ಕೆ.ಜಿ.ಯ ಚಾಲಕ ಎಂದರೆ ನೂರಕ್ಕೆ ಹದಿನೈದು ಪಾಲು, ಅದೂ ಒಂದೇ ಬದಿಗೆ. ಚಾಲಕ ತನ್ನ ಸೀಟಿನಲ್ಲಿ ಕೂತಿರುವಾಗಲೇ ನಾಲ್ಕು ತಕ್ಕಡಿಗಳ ಮೇಲೆ ಕಾರು ನಿಲ್ಲಿಸಿ, ಸ್ಪ್ರಿಂಗುಗಳ ಎತ್ತರವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಮೂಲೆಯಿಂದ ಮೂಲೆಗೆ ಭಾರ ಸಮ ಮಾಡುತ್ತಾರೆ. ಈ ಅರ್ಧ ದಿನದ ಕೆಲಸದಿಂದ ಕಾರು ಎಡ ಬಲ ಎರಡೂ ತಿರುವುಗಳಲ್ಲಿ ಒಂದೇ ರೀತಿ ನಡೆದುಕೊಳ್ಳತೊಡಗುತ್ತದೆ. ಅಷ್ಟು ಸುಖ ಇಪ್ಪತ್ತು ಅಶ್ವಶಕ್ತಿ ಸೇರಿಸಿದರೂ ಸಿಗದು. ಶಕ್ತಿಯ ಹಿಂದೆ ಓಡಬೇಕಿಲ್ಲ ಎಂಬುದನ್ನೇ ಕ್ಯಾಟರ್‌ಹ್ಯಾಮಿನ 170 ಎಂಬ ಮಾದರಿ 2021ರಲ್ಲಿ ತೋರಿಸಿತು. ಸುಜುಕಿಯ 660 ಸಿ.ಸಿ. ಎಂಜಿನ್ನು, ಸುಮಾರು 85 ಅಶ್ವಶಕ್ತಿ, ತೂಕ ಸುಮಾರು 440 ಕೆ.ಜಿ.

ಕಾನೂನೂ ಈ ಕ್ಷೇತ್ರವನ್ನು ತಿದ್ದಿದೆ. ಬ್ರಿಟನ್ 1998ರಲ್ಲಿ ಒಂಟಿ ಕಾರಿನ ಪರೀಕ್ಷೆಯನ್ನು ತಂದಿತು, 2009ರಲ್ಲಿ ಅದನ್ನು ಇನ್ನಷ್ಟು ಬಿಗಿಮಾಡಿತು. ಒಬ್ಬ ಮನುಷ್ಯ ತನ್ನ ಶೆಡ್ಡಿನಲ್ಲಿ ಕಟ್ಟಿದ ಒಂದೇ ಒಂದು ಕಾರನ್ನು ಸರ್ಕಾರಿ ಪರೀಕ್ಷಕ ಗಂಟೆಗಟ್ಟಲೆ ನೋಡುತ್ತಾನೆ: ಬ್ರೇಕು, ಬೆಳಕು, ಹೊಗೆ, ಸದ್ದು, ತಾಕುವ ಅಂಚುಗಳ ದುಂಡಗಿನ ಅಳತೆ ಕೂಡ. ಇದನ್ನು ಕಿರುಕುಳವೆಂದು ಗೊಣಗುವವರಿದ್ದಾರೆ. ನನಗೆ ಇದು ಘನವಾದ ವ್ಯವಸ್ಥೆಯಾಗಿ ಕಾಣುತ್ತದೆ. ಕಟ್ಟಬೇಡ ಎನ್ನುವುದಿಲ್ಲ, ಚೆನ್ನಾಗಿ ಕಟ್ಟಿ ತಂದು ತೋರಿಸು ಎನ್ನುತ್ತದೆ.

ನಮ್ಮಲ್ಲಿ ಆ ಬಾಗಿಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹೊಸ ಮಾದರಿಗೆ ಬೇಕಾದ ಪರೀಕ್ಷೆಯ ಏರ್ಪಾಡು ಕಾರ್ಖಾನೆಗಳಿಗೆ ಹೊಂದುವಂಥದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಲು ಸಾಲು ಬಿಡಿಭಾಗದ ಅಂಗಡಿಗಳಿವೆ, ಶಿವಾಜಿನಗರದಲ್ಲಿ ಗುಜರಿಯಿದೆ, ಕೈಚಳಕದ ವೆಲ್ಡರುಗಳಿಗೆ ಬರವಿಲ್ಲ. ಆದರೂ ಇಲ್ಲಿ ಕಿಟ್ ಕಾರು ಬೇರೂರಲಿಲ್ಲ. ಆ ಹಂಬಲ ಕಾಲೇಜುಗಳೊಳಗೆ ದಾರಿ ಹುಡುಕಿಕೊಂಡಿದೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡದಂಥವು ವಿದ್ಯಾರ್ಥಿ ಫಾರ್ಮುಲಾ ಸ್ಪರ್ಧೆಗಳಿಗೆ ಕಾರು ಕಟ್ಟುತ್ತ ಬಂದಿವೆ. ಕೊಳವೆ, ತ್ರಿಕೋನ, ಬೈಕಿನ ಎಂಜಿನ್ನು ಎಂಬ ಹಳೆಯ ವಿದ್ಯೆಯನ್ನು ಹೊಸಬರು ಕಲಿಯುವುದು ಇಂಥ ಅಂಗಳಗಳಲ್ಲಿ. ಆ ಕಾರುಗಳು ಸ್ಪರ್ಧೆಯ ಆವರಣ ದಾಟಿ ರಸ್ತೆಗೆ ಬರುವಂತಿಲ್ಲ ಎಂಬುದು ನನ್ನ ನಿಜವಾದ ಸಂಕಟ.

ಈಗ ಗುಜರಿಯೇ ಬದಲಾಗುತ್ತಿದೆ. ಅಪಘಾತಕ್ಕೀಡಾದ ನಿಸಾನ್ ಲೀಫ್ ಕಾರುಗಳ ಮೋಟಾರುಗಳನ್ನು ಮನೆಯಲ್ಲೇ ಕೆಲಸ ಮಾಡುವವರು ಹಳೆಯ ಕಾರುಗಳಿಗೆ ಕೂರಿಸತೊಡಗಿದ್ದಾರೆ. ಆದರೆ ಮೊದಲ ಪೀಳಿಗೆಯ ಲೀಫಿನ ಬ್ಯಾಟರಿಯೊಂದೇ 290 ಕೆ.ಜಿ.ಯಷ್ಟು ತೂಗುತ್ತದೆ. ಕ್ಯಾಟರ್‌ಹ್ಯಾಮ್ 2023ರಲ್ಲಿ ತೋರಿಸಿದ ವಿದ್ಯುತ್ ಸೆವೆನ್ನಿಗೆ 700 ಕೆ.ಜಿ. ಮೀರಬಾರದೆಂಬ ಗುರಿ ಇಟ್ಟುಕೊಂಡಿತ್ತು. ಬೇರೆ ಯಾವ ವಿದ್ಯುತ್ ಕಾರಿಗಾದರೂ ಅದು ಸಾಧನೆ, ಸೆವೆನ್ನಿಗೆ ಹೊರೆ. ಇನ್ನೊಂದು ಕಡೆ ಹಳೆಯ ದಾನಿಗಳು ಗುಜರಿಯಿಂದ ಮೇಲೆದ್ದು ಹೋಗುತ್ತಿದ್ದಾರೆ. ಆಕ್ಸಲ್ಲಿಗಾಗಿ ಕೊಂಡು ಮೈಯನ್ನು ಎಸೆಯುತ್ತಿದ್ದ ಎರಡನೇ ಪೀಳಿಗೆಯ ಎಸ್ಕಾರ್ಟ್ ಈಗ ಸಂಗ್ರಾಹಕರ ಕಾರು. ಒಳ್ಳೆಯದೊಂದಕ್ಕೆ ಕೇಳುವ ಹಣದಲ್ಲಿ, ಅದರ ಆಕ್ಸಲ್ಲು ಹೊತ್ತ ಲೋಕಾಸ್ಟುಗಳನ್ನೇ ಎರಡು ಮೂರು ಕೊಳ್ಳಬಹುದು.