ಶ್ವಾಸಕೋಶದ ಗಾತ್ರ ತಗ್ಗಿಸುವ ಶಸ್ತ್ರಚಿಕಿತ್ಸೆ

ತೀವ್ರ ಎಂಫಿಸೀಮ ಇರುವ ರೋಗಿಯ ಶ್ವಾಸಕೋಶದಲ್ಲಿ ಹಾಳಾಗಿ ಉಬ್ಬಿಕೊಂಡ ಭಾಗವನ್ನು ಕತ್ತರಿಸಿ ತೆಗೆಯುವ ಚಿಕಿತ್ಸೆ. ಸಿಓಪಿಡಿ ಎಂದು ಕರೆಯುವ ದೀರ್ಘಕಾಲದ ಶ್ವಾಸನಾಳ ರೋಗಗಳ ಗುಂಪಿಗೆ ಎಂಫಿಸೀಮ ಸೇರುತ್ತದೆ. ಅದಕ್ಕೆ ಮುಖ್ಯ ಕಾರಣ ಧೂಮಪಾನ. ಉಸಿರಿಗೇ ತತ್ವಾರವಾದವನ ಶ್ವಾಸಕೋಶವನ್ನು ಇನ್ನಷ್ಟು ಚಿಕ್ಕದು ಮಾಡಿದರೆ ಅವನು ಹೆಚ್ಚು ನಡೆಯಬಲ್ಲ ಎಂಬ ಮಾತನ್ನು ವೈದ್ಯಲೋಕ ಒಪ್ಪಲು ಸುಮಾರು ಅರ್ಧ ಶತಮಾನ ಹಿಡಿಯಿತು.

ಎಂಫಿಸೀಮದಲ್ಲಿ ಗಾಳಿಗೂಡುಗಳ ಗೋಡೆ ನಾಶವಾಗಿ, ಶ್ವಾಸಕೋಶ ಹಳೆಯ ರಬ್ಬರಿನಂತೆ ಬಿಗಿ ಕಳೆದುಕೊಳ್ಳುತ್ತದೆ. ಒಳಗೆ ಹೋದ ಗಾಳಿ ಪೂರ್ತಿ ಹೊರಬರುವುದಿಲ್ಲ. ಎದೆಗೂಡು ಸದಾ ಉಬ್ಬಿರುತ್ತದೆ, ಎದೆ-ಹೊಟ್ಟೆಗಳ ನಡುವಿನ, ಗುಮ್ಮಟದಂತಿರಬೇಕಾದ ಸ್ನಾಯುವಾದ ವಪೆ ಚಪ್ಪಟೆಯಾಗಿ ಬಲ ಕಳೆದುಕೊಳ್ಳುತ್ತದೆ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಉಸಿರಾಟ ಚುರುಕಾಗುವುದರಿಂದ ನಿಶ್ವಾಸಕ್ಕೆ ಸಮಯ ಸಾಲದೆ ಇನ್ನಷ್ಟು ಗಾಳಿ ಸಿಕ್ಕಿಕೊಳ್ಳುತ್ತದೆ. ರೋಗಿ ನಿಲ್ಲುವುದು ಹೆಚ್ಚಾಗಿ ಈ ಏದುಸಿರಿನಿಂದ. ಕಾಲುಗಳು ಸೋಲುವುದೂ ಉಂಟು. ಏದುಸಿರಿಗೆ ಹೆದರಿ ಓಡಾಟ ಬಿಟ್ಟವರ ಸ್ನಾಯುಗಳು ಸೊರಗುತ್ತವೆ. ಕೆಲಸಕ್ಕೆ ಬಾರದ ಭಾಗವನ್ನು ತೆಗೆದಾಗ ಉಳಿದ ಶ್ವಾಸಕೋಶಕ್ಕೆ ಬಿಗಿ ಮರಳುತ್ತದೆ, ಸಣ್ಣ ನಾಳಗಳು ತೆರೆದುಕೊಳ್ಳುತ್ತವೆ, ವಪೆ ಮತ್ತೆ ಮೇಲಕ್ಕೆ ಬಾಗುತ್ತದೆ.

20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರಾಯಿಂಡ್ ಎದೆಗೂಡು ಬಿಗಿದುಕೊಂಡಿರುವುದೇ ತೊಂದರೆಯ ಮೂಲವೆಂದು ಭಾವಿಸಿ ಪಕ್ಕೆಲುಬುಗಳ ಮೃದ್ವಸ್ಥಿಗಳನ್ನು ತೆಗೆಯುತ್ತಿದ್ದ. ಬಾಲ್ಟಿಮೋರಿನ ಆಟೊ ಬ್ರಾಂಟಿಗನ್ ಸರಿಯಾದ ದಾರಿ ಹಿಡಿದ. ಶ್ವಾಸಕೋಶದ ಒಂದು ಪಾಲು ಕತ್ತರಿಸಿದರೆ ಉಳಿದುದರ ಎಳೆತ ನಾಳಗಳನ್ನು ತೆರೆದಿಡುತ್ತದೆ ಎಂಬ ಅವನ ವಾದ 1957ರಲ್ಲಿ ಪ್ರಕಟವಾಯಿತು. ಹಲವು ರೋಗಿಗಳು ಹಾಯೆನಿಸಿತು ಎಂದರು. ಆದರೆ ಸುಮಾರು ಆರರಲ್ಲಿ ಒಬ್ಬರು ಸತ್ತರು, ಸುಧಾರಣೆಯನ್ನು ಅಳೆದು ತೋರಿಸುವ ಪುರಾವೆಯೂ ಇರಲಿಲ್ಲ. ವಿಧಾನ ಮೂಲೆಗೆ ಬಿತ್ತು. ಅವನ ತರ್ಕ ಸರಿಯಾಗಿಯೇ ಇತ್ತು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಅದನ್ನು ಮೇಲೆತ್ತಿದವನು ಜೋಯೆಲ್ ಕೂಪರ್. 1983ರಲ್ಲಿ ಟೊರಾಂಟೊದಲ್ಲಿ ಶ್ವಾಸಕೋಶ ಕಸಿಯನ್ನು ಯಶಸ್ವಿಯಾಗಿ ನಡೆಸಿದ್ದ ಕೂಪರ್, ಕಸಿಯ ನಂತರ ಎಂಫಿಸೀಮ ರೋಗಿಗಳ ಉಬ್ಬಿದ ಎದೆಗೂಡು ಸಹಜ ಆಕಾರಕ್ಕೆ ಮರಳುವುದನ್ನು ಗಮನಿಸಿದ್ದ. 1993ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಎದೆಮೂಳೆ ಸೀಳಿ ಎರಡೂ ಶ್ವಾಸಕೋಶಗಳ 20–30 ಶೇಕಡಾ ಭಾಗ ತೆಗೆಯಲಾರಂಭಿಸಿದ. ಹೊಲಿಗೆಯಿಂದ ಗಾಳಿ ಸೋರದಂತೆ ದನದ ಹೃದಯಪೊರೆಯ ಪಟ್ಟಿ ಬಳಸಿದ. 1995ರಲ್ಲಿ ವರದಿಯಾದ 20 ರೋಗಿಗಳಲ್ಲಿ ಯಾರೂ ಸಾಯಲಿಲ್ಲ. ಒಂದು ಸೆಕೆಂಡಿನಲ್ಲಿ ಊದಬಲ್ಲ ಗಾಳಿ ಸರಾಸರಿ 82 ಶೇಕಡಾ ಹೆಚ್ಚಿತು.

ಸುದ್ದಿ ಹಬ್ಬಿ ಅಮೆರಿಕದ ಆಸ್ಪತ್ರೆಗಳು ಮುಗಿಬಿದ್ದವು. ಕೂಪರನ ಆಯ್ಕೆಯ ಎಚ್ಚರ ಎಲ್ಲೆಡೆ ಇರಲಿಲ್ಲ. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಲೆಕ್ಕ ತೆಗೆದಾಗ, ಕಾಲು ಭಾಗದಷ್ಟು ಜನ ಒಂದು ವರ್ಷದೊಳಗೆ ತೀರಿಕೊಂಡಿದ್ದರು. 1995ರ ಕೊನೆಗೇ ಅದು ಹಣ ನಿಲ್ಲಿಸಿತ್ತು. ಆ ನಿರ್ಧಾರ ಸರಿಯಾದದ್ದು. ಏಕೆಂದರೆ ಅದರಿಂದಲೇ ನೆಟ್ ಎಂಬ ರಾಷ್ಟ್ರೀಯ ಪ್ರಯೋಗ ಹುಟ್ಟಿತು.

1998ರಿಂದ 2002ರವರೆಗೆ 17 ಕೇಂದ್ರಗಳಲ್ಲಿ 1,218 ರೋಗಿಗಳನ್ನು ಚೀಟಿ ಎತ್ತಿದಂತೆ ಶಸ್ತ್ರಚಿಕಿತ್ಸೆ ಮತ್ತು ಬರೀ ಔಷಧಿ ಎಂಬ ಎರಡು ಗುಂಪುಗಳಿಗೆ ಹಂಚಲಾಯಿತು. ಅದಕ್ಕೆ ಮೊದಲು ಎಲ್ಲರಿಗೂ ಕೆಲವು ವಾರ ವ್ಯಾಯಾಮ ತರಬೇತಿ. ಮುಖ್ಯ ಅಳತೆಗೋಲುಗಳಲ್ಲಿ ಒಂದು, ವ್ಯಾಯಾಮದ ಸೈಕಲ್ ಮೇಲೆ ತುಳಿಯಬಲ್ಲ ಗರಿಷ್ಠ ವ್ಯಾಟ್. 2001ರಲ್ಲೇ ಅಪಾಯದ ಗುಂಪು ಬಯಲಾಯಿತು: ಶ್ವಾಸಬಲ ತೀರಾ ಕುಗ್ಗಿದ್ದು, ಜೊತೆಗೆ ರೋಗ ಎಲ್ಲೆಡೆ ಸಮನಾಗಿ ಹರಡಿದವರಲ್ಲಿ ಅಥವಾ ಅನಿಲ ವಿನಿಮಯ ತೀರಾ ಕುಸಿದವರಲ್ಲಿ 16 ಶೇಕಡಾ ಮಂದಿ ಶಸ್ತ್ರಚಿಕಿತ್ಸೆಯಾದ 30 ದಿನಗಳೊಳಗೆ ಸತ್ತರು. 2003ರ ಪೂರ್ಣ ಫಲಿತಾಂಶದಲ್ಲಿ ಒಟ್ಟಾರೆ ಆಯುಷ್ಯ ಹೆಚ್ಚಿರಲಿಲ್ಲ. ಎರಡು ವರ್ಷಗಳ ಬಳಿಕ 10 ವ್ಯಾಟ್‌ಗಿಂತ ಹೆಚ್ಚು ಸುಧಾರಿಸಿದವರು ಶಸ್ತ್ರಚಿಕಿತ್ಸೆಯವರಲ್ಲಿ 15 ಶೇಕಡಾ, ಔಷಧಿಯವರಲ್ಲಿ 3 ಶೇಕಡಾ. ಆದರೆ ರೋಗ ಮೇಲಿನ ಹಾಲೆಯಲ್ಲೇ ಹೆಚ್ಚಾಗಿದ್ದು, ತರಬೇತಿಯ ನಂತರವೂ ಮಹಿಳೆಯರು 25, ಪುರುಷರು 40 ವ್ಯಾಟ್ ದಾಟದಿದ್ದ 290 ಜನರಲ್ಲಿ ಕಥೆಯೇ ಬೇರೆ: ಸುಧಾರಿಸಿದವರು 30 ಶೇಕಡಾ, ಔಷಧಿಯ ಗುಂಪಿನಲ್ಲಿ ಒಬ್ಬರೂ ಇಲ್ಲ, ಸಾವಿನ ಅಪಾಯವೂ ಅರ್ಧಕ್ಕೆ ಇಳಿಯಿತು. ತೀರಾ ನಿಶ್ಶಕ್ತರಾದವರೇ ಹೆಚ್ಚು ಪಡೆದರು. ಬ್ರಾಂಟಿಗನ್‌ಗೆ ಸಿಗದ ಪುರಾವೆ ಇದು.

2004ರಿಂದ ಮೆಡಿಕೇರ್ ಆಯ್ದ ರೋಗಿಗಳಿಗೆ ಮತ್ತೆ ಹಣ ಕೊಡತೊಡಗಿತು. ಕೊಯ್ಯದೆಯೇ ಗಾಳಿ ಇಳಿಸುವ ಏಕಮುಖ ಶ್ವಾಸನಾಳ ಕವಾಟಗಳಿಗೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆಯಿತು. ಇವೆರಡರಲ್ಲಿ ಯಾವುದನ್ನು ಆರಿಸಿದರೂ ಧೂಮಪಾನ ಬಿಟ್ಟಿರಬೇಕು, ವ್ಯಾಯಾಮ ತರಬೇತಿ ಮೊದಲೇ ಮುಗಿದಿರಬೇಕು.