ಅಂಗಡಿಯ ಹಿಂದಿನ ದಾರಿ

ನಮ್ಮ ಪಾವಗಡ ತಾಲ್ಲೂಕು ಕಡಲೆಕಾಯಿಯ ಸೀಮೆ. ಆದರೂ ಇಲ್ಲಿನ ಎಷ್ಟೋ ಅಡುಗೆಮನೆಗಳಲ್ಲಿ ಒಗ್ಗರಣೆಗೆ ಬಳಸುವುದು ಸಮುದ್ರದಾಚೆಯ ಮಲೇಷ್ಯಾ, ಇಂಡೋನೇಷ್ಯಾಗಳಿಂದ ಬಂದ ತಾಳೆ ಎಣ್ಣೆಯನ್ನು. ಹೊಲದಲ್ಲಿ ಬೆಳೆದ ಕಾಯಿ ನೂರಾರು ಮೈಲಿ ದೂರ ಹೋಗುತ್ತದೆ. ಸಾವಿರಾರು ಮೈಲಿ ದೂರದ ಎಣ್ಣೆ ಮನೆಬಾಗಿಲಿಗೆ ಬರುತ್ತದೆ. ಇದು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಯನ್ನು ನಾನು ಸಮಾಜ ವಿಜ್ಞಾನದ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಮಕ್ಕಳ ಮುಂದೆ ಇಡುತ್ತಿದ್ದೆ. ‘ಅದು ಅಗ್ಗ ಸಾರ್’ ಎಂದು ಅವರು ಉತ್ತರಿಸುತ್ತಿದ್ದರು. ಉತ್ತರ ಸರಿಯೇ. ಆದರೆ ಅಷ್ಟು ದೂರದಿಂದ ಬಂದೂ ಅಗ್ಗವಾಗಿ ಉಳಿಯುವುದಕ್ಕೆ ಬೇಕಾದ ಏರ್ಪಾಡು ಯಾವುದು ಎಂಬುದು ಪಠ್ಯಪುಸ್ತಕದಲ್ಲಿ ಇರಲಿಲ್ಲ. ವ್ಯಾಪಾರಶಾಸ್ತ್ರದವರು ಅದನ್ನು ಪೂರೈಕೆ ಸರಪಳಿ ಎನ್ನುತ್ತಾರೆ. ಆ ಹೆಸರು ಕೇಳುವ ಮೊದಲೇ ಅದರ ಒಂದು ಸಣ್ಣ ಕೊಂಡಿಯನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೆ.

ನನ್ನ ತಂದೆಯವರು ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. 1970ರ ದಶಕದ ಮಾತು. ಪಾವಗಡಕ್ಕೆ ಮೂರು ಕಡೆ ಆಂಧ್ರದ ನೆಲ. ಜಿಲ್ಲಾ ಕೇಂದ್ರವಾದ ತುಮಕೂರು ಸುಮಾರು ನೂರು ಕಿಲೋಮೀಟರ್ ದೂರ. ತಾಲ್ಲೂಕಿನಲ್ಲಿ ರೈಲು ಇರಲಿಲ್ಲ. ಹಿಂದೂಪುರದಲ್ಲಿ ರೈಲು ನಿಲ್ದಾಣವಿತ್ತು, ದೊಡ್ಡ ಮಂಡಿಗಳಿದ್ದವು. ಆದ್ದರಿಂದ ನಾವು ಆಡಳಿತಕ್ಕೆ ತುಮಕೂರನ್ನೂ ವ್ಯಾಪಾರಕ್ಕೆ ಹಿಂದೂಪುರವನ್ನೂ ನಂಬಿದ್ದೆವು. ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ ಎಲ್ಲವೂ ಆ ಕಡೆಯಿಂದಲೇ. ಮಂಡಿಯವರೊಡನೆ ತೆಲುಗಿನಲ್ಲಿ ಚೌಕಾಸಿ, ಮನೆಗೆ ಬಂದು ಕನ್ನಡದಲ್ಲಿ ಲೆಕ್ಕ. ನಮ್ಮ ಕಡೆಯ ವರ್ತಕರ ಬಾಳು ಹೀಗೆ ಎರಡು ಭಾಷೆಗಳ ನಡುವೆ ಸಾಗುತ್ತಿತ್ತು.

ತಂದೆಯವರು ಹೆಚ್ಚು ಓದಿದವರಲ್ಲ. ಆದರೆ ಯಾವ ಮನೆಯಲ್ಲಿ ಯಾವಾಗ ಮದುವೆ, ಯಾವ ಊರಿನಲ್ಲಿ ಜಾತ್ರೆ, ಯಾರ ಹೊಲದಲ್ಲಿ ಎಷ್ಟು ಎಕರೆ ಬಿತ್ತನೆಯಾಗಿದೆ, ಯಾರ ಮನೆಗೆ ಬಾಣಂತಿ ಬಂದಿದ್ದಾಳೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಇದನ್ನು ನಾನು ಬಾಲ್ಯದಲ್ಲಿ ಊರ ಸುದ್ದಿಯ ಚಪಲವೆಂದು ತಿಳಿದಿದ್ದೆ. ಬಾಣಂತಿ ಬಂದ ಮನೆಗೆ ತುಪ್ಪ, ಒಣಕೊಬ್ಬರಿ, ಬೆಲ್ಲ ಬೇಕಾಗುತ್ತವೆ; ಮಳೆ ಬಂದ ವಾರ ಹಗ್ಗ, ಕುಕ್ಕೆ, ಗುದ್ದಲಿಯ ಕಾವು ಖರ್ಚಾಗುತ್ತವೆ. ಮುಂದಿನ ವಾರ ಏನು ಬೇಕಾಗಬಹುದು ಎಂಬುದನ್ನು ಇಂದೇ ಅರಿತು, ಇರುವ ಅಲ್ಪ ಬಂಡವಾಳವನ್ನು ಅದಕ್ಕೇ ತೊಡಗಿಸುವುದು ಅವರ ವಿದ್ಯೆಯಾಗಿತ್ತು ಎಂದು ತಿಳಿಯಲು ನನಗೆ ಮೂವತ್ತು ವರ್ಷ ಬೇಕಾಯಿತು.

ಆ ವಿದ್ಯೆ ಒಮ್ಮೆ ಕೈಕೊಟ್ಟದ್ದೂ ಉಂಟು. ಒಂದು ಯುಗಾದಿಗೆ ಸಾಲ ಮಾಡಿ ಬೆಲ್ಲದ ಮೂಟೆಗಳಿಗೆ ಹಣ ಕಟ್ಟಿದ್ದರು. ತಂದುಕೊಡಬೇಕಾಗಿದ್ದ ಲಾರಿ ದಾರಿಯಲ್ಲಿ ಕೆಟ್ಟು ನಿಂತು, ಬೆಲ್ಲ ಹಬ್ಬದ ಮರುದಿನ ಬಂತು. ಹೋಳಿಗೆ ಮಾಡುವವರು ಅಷ್ಟರಲ್ಲಿ ಬೇರೆಡೆ ಕೊಂಡಿದ್ದರು. ಮಳೆಗಾಲದ ಹೊತ್ತಿಗೆ ಬೆಲ್ಲ ನೀರೊಡೆಯಿತು. ಅದರ ಸಾಲ ತೀರಿಸಲು ನಮ್ಮ ತಾಯಿಯವರ ಎರಡು ಬಳೆಗಳು ಅಡವಿಗೆ ಹೋದವು. ಪದಾರ್ಥ ಒಳ್ಳೆಯದಿತ್ತು, ಬೆಲೆ ಸರಿಯಿತ್ತು, ಗಿರಾಕಿಯೂ ಇದ್ದ. ತಪ್ಪಿದ್ದು ಒಂದು ದಿನ ಮಾತ್ರ.

ಸಾಗರದಾಚೆ ಈ ‘ಒಂದು ದಿನ’ದ ಮಹತ್ವವನ್ನು ಅರಿತವನು ಸ್ಯಾಮ್ ವಾಲ್ಟನ್. ಅವನು 1962ರಲ್ಲಿ ಅಮೆರಿಕದ ಅರ್ಕಾನ್ಸಾ ರಾಜ್ಯದ ರೋಜರ್ಸ್ ಎಂಬ ಸಣ್ಣ ಊರಿನಲ್ಲಿ ತನ್ನ ಮೊದಲ ವಾಲ್‌ಮಾರ್ಟ್ ಅಂಗಡಿ ತೆರೆದ. ಅದೇ 1962ರಲ್ಲಿ ಕೆಮಾರ್ಟ್ ಎಂಬ ಸಂಸ್ಥೆಯೂ ಮಿಚಿಗನ್ ರಾಜ್ಯದಲ್ಲಿ ಆರಂಭವಾಯಿತು. ಕೆಮಾರ್ಟಿನ ಬೆನ್ನಿಗೆ ಹಳೆಯ, ದೊಡ್ಡ ವ್ಯಾಪಾರಿ ಸಂಸ್ಥೆಯೊಂದರ ಬಂಡವಾಳವಿತ್ತು. ವಾಲ್ಟನ್ ಆರಿಸಿಕೊಂಡದ್ದು ದೊಡ್ಡವರು ಕಡೆಗಣಿಸಿದ್ದ ಸಣ್ಣ ಊರುಗಳನ್ನು, ಒಂದರ್ಥದಲ್ಲಿ ಅಮೆರಿಕದ ಪಾವಗಡಗಳನ್ನು. ಅಂಥ ಊರುಗಳಿಗೆ ಸಗಟು ವರ್ತಕರು ಸರಕು ತಂದುಕೊಡಲು ಹಿಂಜರಿಯುತ್ತಿದ್ದರು. ಆದ್ದರಿಂದ ಅವನು ತಾನೇ ಉಗ್ರಾಣ ಕಟ್ಟಿದ, ತನ್ನದೇ ಲಾರಿಗಳನ್ನು ಓಡಿಸಿದ. 1970ರ ಸುಮಾರಿಗೆ ಬೆಂಟನ್‌ವಿಲ್ಲಿನಲ್ಲಿ ಅವನ ಮೊದಲ ವಿತರಣಾ ಕೇಂದ್ರ ಎದ್ದಿತು. ಮೊದಲು ಉಗ್ರಾಣ, ಆಮೇಲೆ ಅದರಿಂದ ಒಂದು ದಿನದ ಲಾರಿ ಪ್ರಯಾಣದೊಳಗೆ ಅಂಗಡಿಗಳು ಎಂಬುದು ಅವನ ಕ್ರಮವಾಯಿತು.

ಉಗ್ರಾಣದಲ್ಲಿ ಸರಕನ್ನು ಕೂಡಿಡದೆ, ಒಂದು ಬಾಗಿಲಿನಿಂದ ಇಳಿಸಿದ್ದನ್ನು ಎದುರು ಬಾಗಿಲಿನ ಲಾರಿಗೆ ಏರಿಸಿ ಅಂಗಡಿಗಳಿಗೆ ಕಳುಹಿಸುವ ಪದ್ಧತಿಯನ್ನು ಅವರು ಬೆಳೆಸಿದರು. ಅಷ್ಟರಲ್ಲಿ ಬಾರ್‌ಕೋಡ್ ಬಂದಿತ್ತು. 1974ರ ಜೂನ್ 26ರಂದು ಓಹಾಯೋ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯೊಂದರಲ್ಲಿ ಒಂದು ಚ್ಯೂಯಿಂಗ್ ಗಮ್ ಪೊಟ್ಟಣದ ಗೆರೆಗಳನ್ನು ಯಂತ್ರ ಓದಿದ್ದು ಅದರ ಮೊದಲ ಬಳಕೆ. 1987ರಲ್ಲಿ ವಾಲ್‌ಮಾರ್ಟ್ ತನ್ನ ಅಂಗಡಿಗಳನ್ನೂ ಕಚೇರಿಯನ್ನೂ ಉಪಗ್ರಹ ಜಾಲದಿಂದ ಜೋಡಿಸಿತು. 1990ರ ದಶಕದ ಆರಂಭದಲ್ಲಿ ಯಾವ ಅಂಗಡಿಯಲ್ಲಿ ಯಾವ ಸರಕು ಎಷ್ಟು ಖರ್ಚಾಯಿತು ಎಂಬ ಲೆಕ್ಕವನ್ನು ತಯಾರಕರೂ ನೇರವಾಗಿ ನೋಡುವ ಏರ್ಪಾಡು ಮಾಡಿತು. ನನ್ನ ತಂದೆಯವರ ತಲೆಯಲ್ಲಿದ್ದ ಮದುವೆ, ಬಾಣಂತಿ, ಬಿತ್ತನೆಗಳ ಲೆಕ್ಕವೇ ಇಲ್ಲಿ ಕಂಪ್ಯೂಟರಿಗೆ ಇಳಿದಿತ್ತು. ವ್ಯತ್ಯಾಸವೆಂದರೆ ತಂದೆಯವರ ಅರಿವು ಒಂದು ಊರಿನ ಎಲ್ಲೆಯನ್ನು ದಾಟುತ್ತಿರಲಿಲ್ಲ. ಇದಕ್ಕೆ ಎಲ್ಲೆಯೇ ಇರಲಿಲ್ಲ. ದಾಸ್ತಾನು ಕಡಿಮೆಯಾದರೆ ಅದರಲ್ಲಿ ಸಿಕ್ಕಿಕೊಂಡ ಹಣವೂ ಕಡಿಮೆ, ಹಾಳಾಗುವುದೂ ಕಡಿಮೆ. ಆ ಉಳಿತಾಯದಿಂದ ಬೆಲೆ ಇಳಿಸಬಹುದು. ಬೆಲೆ ಇಳಿದರೆ ಗಿರಾಕಿ ಹೆಚ್ಚುತ್ತಾನೆ. ಗಿರಾಕಿ ಹೆಚ್ಚಿದರೆ ತಯಾರಕನೊಡನೆ ಇನ್ನಷ್ಟು ಚೌಕಾಸಿ ಮಾಡಬಹುದು. ಕೆಮಾರ್ಟಿಗೆ ಈ ಚಕ್ರ ಒಲಿಯಲಿಲ್ಲ. ಅದು 2002ರ ಜನವರಿಯಲ್ಲಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೋಯಿತು.

ಇನ್ನು ನಮ್ಮ ಕಡಲೆಕಾಯಿಗೆ ಬರೋಣ. ಮುಂಗಾರಿನಲ್ಲಿ ಬಿತ್ತಿದ ಕಾಯಿಯನ್ನು ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೀಳುತ್ತಾರೆ. ಎಲ್ಲರ ಕಾಯಿಯೂ ಒಟ್ಟಿಗೆ ಮಾರುಕಟ್ಟೆಗೆ ಬರುವುದರಿಂದ ಬೆಲೆ ಇಳಿಯುತ್ತದೆ. ಚೆನ್ನಾಗಿ ಒಣಗಿಸಿದ ಕಾಯಿಯನ್ನು ಕೆಲವು ತಿಂಗಳು ಇಡಬಹುದು. ಆದರೆ ಬೀಜ, ಗೊಬ್ಬರಗಳಿಗೆ ಮಾಡಿದ ಸಾಲ ಕಾಯುವುದಿಲ್ಲ. ಸಾಲ ಕೊಟ್ಟವನೇ ಮಂಡಿಯ ವರ್ತಕನಾದರೆ ಬೆಲೆ ಕೇಳುವ ಬಾಯಿಯೂ ರೈತನಿಗಿರುವುದಿಲ್ಲ. ಈ ಅನ್ಯಾಯವನ್ನು ತಡೆಯಲೆಂದೇ ಮೈಸೂರು ಸಂಸ್ಥಾನ 1939ರಲ್ಲಿ ಕೃಷಿ ಮಾರುಕಟ್ಟೆಗಳ ಕಾಯಿದೆ ಮಾಡಿತು. ಏಕೀಕರಣದ ಬಳಿಕ ಇಡೀ ರಾಜ್ಯಕ್ಕೆ 1966ರ ಕಾಯಿದೆ ಬಂತು. ಬಹಿರಂಗ ಹರಾಜು, ಸರಿಯಾದ ತೂಕ, ವರ್ತಕರಿಗೆ ಪರವಾನಗಿ ಎಂಬ ನಿಯಮಗಳು ಬಂದವು. ನಮ್ಮ ಜಿಲ್ಲೆಯ ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಇದಕ್ಕೆ ಪ್ರಸಿದ್ಧ ನಿದರ್ಶನ. ಆದರೆ ಮಾರುಕಟ್ಟೆಯ ಅಂಗಳಕ್ಕೆ ಬಂದ ಮೂಟೆಯನ್ನಷ್ಟೇ ಕಾಯಿದೆ ಕಾಪಾಡಬಲ್ಲದು. ಕಣದಲ್ಲೇ ಮಾರಿಹೋದ ಮೂಟೆ ಅದರ ಕಣ್ಣಿಗೆ ಬೀಳುವುದಿಲ್ಲ.

1984ರಲ್ಲಿ ಎಣ್ಣೆಬೀಜ ಬೆಳೆಗಾರರ ಸಹಕಾರ ಮಹಾಮಂಡಳ ರಾಜ್ಯದಲ್ಲಿ ರೂಪುಗೊಂಡಿತು. ಬೆಳೆಗಾರನಿಂದ ಗಾಣದವರೆಗೆ, ಗಾಣದಿಂದ ಗಿರಾಕಿಯವರೆಗೆ ಒಂದೇ ಸಹಕಾರಿ ಹಾದಿ ಹಾಕುವುದು ಅದರ ಉದ್ದೇಶ. ಆಶಯ ದೊಡ್ಡದಾಗಿತ್ತು. ಆದರೆ ಹತ್ತೇ ವರ್ಷಗಳಲ್ಲಿ, 1994ರಲ್ಲಿ, ಕೇಂದ್ರ ಸರ್ಕಾರ ಪಾಮೋಲಿನ್ ಆಮದನ್ನು ಮುಕ್ತಗೊಳಿಸಿತು. ವರ್ಷವಿಡೀ ಕಾಯಿ ಬಿಡುವ ತಾಳೆಮರ, ತೋಟದ ಪಕ್ಕದಲ್ಲೇ ಗಿರಣಿ, ಬಂದರಿನಲ್ಲಿ ಟ್ಯಾಂಕು, ಹಡಗು, ಮತ್ತೆ ನಮ್ಮ ಬಂದರಿನಲ್ಲಿ ಶುದ್ಧೀಕರಣ ಕಾರ್ಖಾನೆ: ಇಷ್ಟು ಬಿಗಿಯಾದ ಸರಪಳಿಯೊಡನೆ, ವರ್ಷಕ್ಕೊಂದು ಬೆಳೆ, ಅದೂ ಮಳೆ ಬಂದರೆ ಮಾತ್ರ ಎಂಬ ನಮ್ಮ ಕಡಲೆಕಾಯಿ ಪೈಪೋಟಿ ನಡೆಸಬೇಕಾಯಿತು. ತಂದೆಯವರ ಅಂಗಡಿಯ ಎಣ್ಣೆ ಡಬ್ಬದ ಪಕ್ಕದಲ್ಲಿ ಪಾಮೋಲಿನ್ ಪೊಟ್ಟಣಗಳು ಬಂದು ಕುಳಿತದ್ದು ಆ ಕಾಲದಲ್ಲಿ. ‘ನಮ್ಮ ಊರಿನ ಕಾಯಿ ಬೆಳೆದವನೇ ಇದನ್ನು ಕೇಳುತ್ತಾನಲ್ಲೋ’ ಎಂದು ಅವರು ಅಚ್ಚರಿಪಟ್ಟಿದ್ದರು. ಮಾರದೆ ಬೇರೆ ದಾರಿಯಿರಲಿಲ್ಲ.

ಕೆಲವು ವರ್ಷಗಳ ಬಳಿಕ ಅವರು ಅಂಗಡಿ ಮುಚ್ಚಿದರು. ವಯಸ್ಸು ಒಂದು ಕಾರಣ. ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರಿಗೆ ಕೊಡುತ್ತಿದ್ದ ರಿಯಾಯಿತಿಯನ್ನು ವಿತರಕರು ಹತ್ತು ಸೋಪು, ಐದು ಕಿಲೋ ಸಕ್ಕರೆ ಕೊಳ್ಳುವ ಹಳ್ಳಿ ಅಂಗಡಿಗೆ ಕೊಡುತ್ತಿರಲಿಲ್ಲ ಎಂಬುದು ಇನ್ನೊಂದು.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಬೇರೊಂದು ಅಧ್ಯಾಯ ತೆರೆಯುತ್ತಿತ್ತು. 2003ರಲ್ಲಿ ಜರ್ಮನಿಯ ಮೆಟ್ರೋ ಸಂಸ್ಥೆ ವರ್ತಕರಿಗೆ ಸಗಟಾಗಿ ಮಾರುವ ತನ್ನ ಭಾರತದ ಮೊದಲ ಮಳಿಗೆಯನ್ನು ಬೆಂಗಳೂರಿನಲ್ಲೇ ಆರಂಭಿಸಿತು. 2023ರಲ್ಲಿ ಅದರ ಭಾರತದ ವ್ಯವಹಾರ ರಿಲಯನ್ಸಿನ ಪಾಲಾಯಿತು. 2007ರಲ್ಲಿ ಪುಸ್ತಕ ಮಾರುವುದರಿಂದ ಹೊರಟ ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಸುಮಾರು 77 ಶೇಕಡಾ ಪಾಲನ್ನು 2018ರಲ್ಲಿ ವಾಲ್‌ಮಾರ್ಟ್ 16 ಶತಕೋಟಿ ಡಾಲರಿಗೆ ಕೊಂಡಿತು. ಬಿಗ್‌ಬಾಸ್ಕೆಟ್ 2011ರಲ್ಲಿ ಅದೇ ನಗರದಲ್ಲಿ ಹುಟ್ಟಿತು. ಈಗ ನಗರದ ಬಡಾವಣೆಗಳಲ್ಲಿ ಗಿರಾಕಿಗಳಿಗೆ ಬಾಗಿಲೇ ಇಲ್ಲದ ಉಗ್ರಾಣಗಳಿಂದ ಹತ್ತು ಹದಿನೈದು ನಿಮಿಷಗಳಲ್ಲಿ ಕೊತ್ತಂಬರಿ ಸೊಪ್ಪು ಮನೆಗೆ ಬರುತ್ತದೆ. ರೋಜರ್ಸ್ ಊರಿನಲ್ಲಿ ಹುಟ್ಟಿದ ವಿದ್ಯೆ ಹೀಗೆ ಸುತ್ತಿ ಬಳಸಿ ನಮ್ಮ ಮನೆಬಾಗಿಲಿಗೇ ಬಂದಿದೆ.

ಹಾಗಾದರೆ ಸರಪಳಿಯೆಂಬುದು ಬಂಡವಾಳವುಳ್ಳವರ ಸೊತ್ತು ಮಾತ್ರವೇ? ಅಲ್ಲವೆನ್ನಲು ನಮ್ಮ ರಾಜ್ಯದಲ್ಲೇ ಒಂದು ನಿದರ್ಶನವಿದೆ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಹೈನು ಅಭಿವೃದ್ಧಿ ಕಾರ್ಯ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ನಂದಿನಿಯ ನೀಲಿ ಪೊಟ್ಟಣದ ಹಿಂದಿನ ದಾರಿಯನ್ನು ಗಮನಿಸಿ. ಹಾಲು ಕೆಲವೇ ಗಂಟೆಗಳಲ್ಲಿ ಕೆಡುವ ಪದಾರ್ಥ. ಆದ್ದರಿಂದ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಹಳ್ಳಿಯ ಸಂಘದ ಬಾಗಿಲು ತೆರೆಯಲೇಬೇಕು. ಅಲ್ಲೇ ಅಳತೆ, ಅಲ್ಲೇ ಕೊಬ್ಬಿನಂಶದ ಪರೀಕ್ಷೆ, ಪುಸ್ತಕದಲ್ಲಿ ದಾಖಲೆ. ಅಲ್ಲಿಂದ ಶೀತಲೀಕರಣ, ಜಿಲ್ಲಾ ಒಕ್ಕೂಟದ ಡೈರಿ, ಪೊಟ್ಟಣ, ಮರುದಿನ ಬೆಳಗಿನ ಜಾವ ನಗರದ ಮೂಲೆಯ ಬೂತು. ಹೆಚ್ಚು ಹಾಲು ಬಂದ ದಿನ ಅದನ್ನು ಬೆಣ್ಣೆ, ಪುಡಿಗಳಾಗಿ ಮಾರ್ಪಡಿಸಿ ಕಾಪಾಡುವ ಸೌಕರ್ಯವೂ ಉಂಟು. ವೇಗದಲ್ಲಿ, ಶಿಸ್ತಿನಲ್ಲಿ ಇದು ಯಾವ ವಿದೇಶಿ ಸರಪಳಿಗೂ ಕಡಿಮೆಯಲ್ಲ. ದೊಡ್ಡ ಭೇದವೆಂದರೆ ಇದರ ಒಡೆತನ ಹಸುವಿನ ಕೊಟ್ಟಿಗೆಯಿಂದ ಆರಂಭವಾಗುತ್ತದೆ.

ಇದರಲ್ಲೂ ದೋಷಗಳಿವೆ. ಸಂಘಗಳಲ್ಲಿ ರಾಜಕೀಯವಿದೆ, ಮೇವಿನ ಬೆಲೆ ಏರಿದಷ್ಟು ಹಾಲಿನ ಬೆಲೆ ಏರುವುದಿಲ್ಲ. ಆದರೂ ಮಳೆ ಕೈಕೊಟ್ಟ ವರ್ಷಗಳಲ್ಲಿ ನನ್ನ ತರಗತಿಯ ಎಷ್ಟೋ ಮಕ್ಕಳ ಪರೀಕ್ಷಾ ಶುಲ್ಕ ಕಟ್ಟಿದ್ದು ಕಡಲೆಕಾಯಿಯಲ್ಲ, ಹಾಲು. ಹೊಲ ಒಣಗಿದ್ದರೂ ಮನೆಯಲ್ಲಿದ್ದ ಒಂದು ಸೀಮೆಹಸುವಿನ ಹಾಲಿನ ಹಣ ತಪ್ಪದೆ ಬರುತ್ತಿತ್ತು. ಕೆಡದ ಪದಾರ್ಥವಾದ ಕಡಲೆಕಾಯಿ ರೈತನನ್ನು ಕೈಬಿಟ್ಟಿತು, ಕೆಡುವ ಪದಾರ್ಥವಾದ ಹಾಲು ಕೈಹಿಡಿಯಿತು. ಪದಾರ್ಥದ ಗುಣಕ್ಕಿಂತ ಅದರ ಹಿಂದಿನ ಏರ್ಪಾಡು ದೊಡ್ಡದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಕಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. 2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಹಾಕಿದಾಗ ರಾಜ್ಯಗಳ ಗಡಿಗಳೂ ಮುಚ್ಚಿದವು. ಮೂರು ಕಡೆ ಗಡಿಯಿರುವ ಪಾವಗಡಕ್ಕೆ ಅದರ ಅರ್ಥ ಏನೆಂಬುದನ್ನು ಊಹಿಸಿ. ತಲೆಮಾರುಗಳಿಂದ ನಡೆದುಬಂದ ಹಿಂದೂಪುರದ ದಾರಿಯಲ್ಲಿ ತಡೆಗೋಲು ಬಿತ್ತು. ಆ ದಿನಗಳಲ್ಲಿ ನಮ್ಮ ಬೀದಿಯ ಸಣ್ಣ ಅಂಗಡಿಯಾತ ಇದ್ದ ಬೇಳೆಯನ್ನು ಒಬ್ಬರಿಗೇ ಮೂಟೆಗಟ್ಟಲೆ ಮಾರದೆ ಮನೆಗೆ ಎರಡೆರಡು ಕಿಲೋದಂತೆ ಹಂಚಿದ. ಕೂಲಿಯಿಲ್ಲದವರಿಗೆ ಉದ್ದರಿ ಬರೆದುಕೊಂಡ. ಯಾವ ಮನೆಯಲ್ಲಿ ಎಷ್ಟು ಬಾಯಿಗಳಿವೆ ಎಂಬುದು ಅವನಿಗೆ ಗೊತ್ತಿತ್ತು. ದಾಸ್ತಾನೇ ಇಡದೆ ದಿನದಿನದ ಲಾರಿಯನ್ನು ನಂಬುವ ವ್ಯವಸ್ಥೆ ಲಾರಿ ನಿಂತ ದಿನ ಏನಾಗುತ್ತದೆ ಎಂಬುದೂ, ಗಿರಾಕಿಯ ಲೆಕ್ಕದ ಜೊತೆಗೆ ಗಿರಾಕಿಯ ಕಷ್ಟವನ್ನೂ ಅರಿತವನ ಬೆಲೆ ಎಷ್ಟು ಎಂಬುದೂ ಆಗ ಕಂಡಿತು.

ಈಗ ನಮ್ಮ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ ಸೌರಫಲಕಗಳು ಹರಡಿವೆ. ಕಾಯಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಗುತ್ತಿಗೆಗೆ ಹೋಗಿವೆ. ಅಲ್ಲಿಯ ಬೆಳೆ ತಂತಿಯ ಮೇಲೆ ಹೋಗುತ್ತದೆ, ಅದಕ್ಕೆ ಮೂಟೆಯೂ ಬೇಡ, ಲಾರಿಯೂ ಬೇಡ. ಉಳಿದ ಹೊಲಗಳಲ್ಲಿ ಈಗಲೂ ಕಡಲೆಕಾಯಿ ಇದೆ. ಆ ಕಾಯಿಯನ್ನು ಒಣಗಿಸಿ, ವಿಂಗಡಿಸಿ, ಹದ ನೋಡಿ ಇಡುವ ಉಗ್ರಾಣವೊಂದು ಬೆಳೆದವರದೇ ಆಗಿ ನಮ್ಮಲ್ಲಿ ಎದ್ದು, ಕಾಯಿಯ ಆಧಾರದ ಮೇಲೆ ಸಾಲ ಸಿಗುವಂತಾದರೆ, ನವೆಂಬರಿನಲ್ಲೇ ಮಾರಬೇಕೆಂಬ ಬಲವಂತ ತಪ್ಪೀತು. ಹಾಲಿಗೆ ಸಾಧ್ಯವಾದದ್ದು ಕಾಯಿಗೆ ಏಕೆ ಸಾಧ್ಯವಾಗಬಾರದು? ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಬೆಂಗಳೂರಿನ ಅಂಥ ದೊಡ್ಡ ಉಗ್ರಾಣಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಯಾವ ಸರಕು ಎಲ್ಲಿಗೆ ಯಾವಾಗ ಹೋಗಬೇಕೆಂದು ನಿರ್ಧರಿಸುತ್ತಿದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ ಅವರನ್ನು ನಾನು ಇದೇ ಪ್ರಶ್ನೆ ಕೇಳುತ್ತೇನೆ. ಅವರು ನಗುತ್ತಾರೆ. ಕಳೆದ ಬಾರಿ ಒಬ್ಬ ಮಾತ್ರ ನಗದೆ, ‘ಎಷ್ಟು ಎಕರೆ ಬಿತ್ತನೆಯಾಗುತ್ತದೆ ಸಾರ್, ಲೆಕ್ಕ ಯಾರ ಹತ್ತಿರ ಸಿಗುತ್ತದೆ?’ ಎಂದು ಕೇಳಿದ. ತಂದೆಯವರು ಇದ್ದಿದ್ದರೆ ಬೆರಳಿನಲ್ಲೇ ಎಣಿಸಿ ಹೇಳುತ್ತಿದ್ದರು.